ಕಡಿಮೆ ಮಾತಿನವರು ಗ್ರಾಹಕರ ಎದುರು ಕೂರುವ ಡೆವ್‌ಆಪ್ಸ್ ಆರ್ಕಿಟೆಕ್ಟ್ ಕೆಲಸ ಒಪ್ಪಿಕೊಳ್ಳಬಹುದೇ?

ಇಷ್ಟು ವರ್ಷ ಕೋಡನ್ನು ಪರೀಕ್ಷಿಸಿ ಸರ್ವರಿಗೆ ಏರಿಸುವ ಪೈಪ್‌ಲೈನ್ ಕಟ್ಟಿಕೊಂಡು ತೆರೆಯ ಹಿಂದೆ ಇದ್ದೆ, ಈಗ ಕಂಪನಿಯವರು ಡೆವ್‌ಆಪ್ಸ್ ಆರ್ಕಿಟೆಕ್ಟ್ ಎಂದು, ಅಂದರೆ ಕೋಡ್ ಬರೆಯುವುದರಿಂದ ಅದು ಸರ್ವರಿನಲ್ಲಿ ಓಡುವವರೆಗಿನ ವ್ಯವಸ್ಥೆ ರೂಪಿಸುವವರೆಂದು, ಗ್ರಾಹಕರ ಎದುರು ಕೂರಿಸುತ್ತೇವೆ ಎನ್ನುತ್ತಿದ್ದಾರೆ, ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ, ಕುಮಟಾ ಬಿಟ್ಟು ಹೋಗುವ ಮನಸ್ಸೂ ಇಲ್ಲ ಎಂದು ಬರೆದಿದ್ದೀರಿ. ಹೆಸರೊಂದು ಬೇರೆ, ಉಳಿದದ್ದೆಲ್ಲ ನನ್ನದೇ ಕತೆ. ನಾನು ಶಿರಸಿಯವನು. ನನಗೂ ಇಂಗ್ಲಿಷಿನದೇ ಹೆದರಿಕೆ ಇತ್ತು. ಅದಕ್ಕೇ ಮೊದಲ ದೊಡ್ಡ ಗ್ರಾಹಕರ ಸಭೆಗೆ ಮುನ್ನ ವಾರಗಟ್ಟಲೆ ಕನ್ನಡಿಯ ಮುಂದೆ ನಿಂತು ವಾಕ್ಯಗಳನ್ನು ಉರು ಹೊಡೆದೆ. ಆ ಸಭೆಯಲ್ಲಿ ನನ್ನ ಇಂಗ್ಲಿಷ್ ಎಲ್ಲಿಯೂ ತಡವರಿಸಲಿಲ್ಲ. ಕೆಲಸ ಕೆಟ್ಟದ್ದು ಅಲ್ಲಿಂದಲೇ.

ಗ್ರಾಹಕರು ನಮ್ಮ ಸೀಮೆಯವರೇ. ರೈತರ ಅಡಿಕೆ ಪಡೆದು, ಟೆಂಡರಿನಲ್ಲಿ ಮಾರಿ, ಹಣವನ್ನು ಅವರವರ ಖಾತೆಗೆ ಹಾಕುವ ಒಂದು ಸಂಸ್ಥೆ, ಹೆಸರು ಬೇಡ. ಬಾಡಿಗೆಗೆ ಪಡೆದ ಒಂದು ಹಳೆಯ ವರ್ಚುವಲ್ ಸರ್ವರಿನ ಮೇಲೆ ಅವರ ತಂತ್ರಾಂಶ ಎಷ್ಟೋ ವರ್ಷಗಳಿಂದ ಓಡುತ್ತಿತ್ತು. ಅದನ್ನು ಕಂಟೇನರುಗಳಿಗೆ, ಅಂದರೆ ಬೇಕಾದದ್ದೆಲ್ಲ ಒಳಗೇ ಇರುವ ಪೊಟ್ಟಣಗಳಿಗೆ, ಒಗ್ಗಿಸಿ, ಆ ಪೊಟ್ಟಣಗಳನ್ನು ನಡೆಸುವ ಕುಬರ್ನೆಟಿಸ್ ಎಂಬ ತಂತ್ರಾಂಶದ ಮೇಲೆ ಕೂರಿಸುವುದು, ಕೋಡ್ ಬದಲಾದಾಗಲೆಲ್ಲ ಪರೀಕ್ಷೆ ನಡೆದು ಹೊಸ ಆವೃತ್ತಿ ತಾನಾಗಿ ಏರುವಂತೆ ಮಾಡುವುದು ನನ್ನ ಹೊಣೆ. ಸಭೆಯಲ್ಲಿ ನೈಟ್ ಕ್ಯಾಪಿಟಲ್ ಕಂಪನಿಯ ಉದಾಹರಣೆ ಕೊಟ್ಟೆ. 2012ರ ಆಗಸ್ಟ್ 1ರಂದು ಅಮೆರಿಕದ ಆ ಷೇರು ವಹಿವಾಟು ಕಂಪನಿ ಎಂಟು ಸರ್ವರುಗಳ ಪೈಕಿ ಒಂದರಲ್ಲಿ ಹಳೆಯ ಕೋಡನ್ನು ಹಾಗೆಯೇ ಬಿಟ್ಟು, ಸುಮಾರು 45 ನಿಮಿಷಗಳಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಮನುಷ್ಯರ ಕೈಯಿಂದ ಮಾಡಿಸಿದರೆ ಹೀಗಾಗುತ್ತದೆ, ಯಂತ್ರಕ್ಕೆ ಒಪ್ಪಿಸಿ ಎಂದೆ. ವ್ಯವಸ್ಥಾಪಕರು ತಲೆದೂಗಿದರು.

ಮೂಲೆಯ ಕುರ್ಚಿಯಲ್ಲಿ ಒಬ್ಬ ಹಿರಿಯರು ಕುಳಿತಿದ್ದರು. ಆ ಸರ್ವರನ್ನು ನೋಡಿಕೊಳ್ಳುತ್ತಿದ್ದವರು ಅವರೇ. ತೊಡೆಯ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ, ಅದರ ರಟ್ಟಿಗೆ ಸಿಕ್ಕಿಸಿದ ಪೆನ್ನು. ಒಮ್ಮೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಾರೋ ಖರ್ಚಿನ ಪ್ರಶ್ನೆ ಎತ್ತಿದರು, ನಾನು ಆ ಕಡೆ ತಿರುಗಿದೆ. ಆಮೇಲೆ ಅವರು ಬಾಯಿ ತೆರೆಯಲಿಲ್ಲ, ನಾನೂ ಕೇಳಲಿಲ್ಲ.

ಈಗ ಆ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಾಳ್ಮೆಯಿಂದ ಓದಿ, ಏಕೆಂದರೆ ನೀವು ಕೇಳಿದ್ದಕ್ಕೆ ಉತ್ತರ ಇದರೊಳಗೇ ಇದೆ.

ಹಳೆಯ ಯಂತ್ರದಲ್ಲಿ ಏನೇನು ಓಡುತ್ತಿದೆ ಎಂದು ಪಟ್ಟಿ ಮಾಡುವುದು ಸ್ಥಳಾಂತರದ ಮೊದಲ ಹೆಜ್ಜೆ. ಹೊತ್ತು ಗೊತ್ತು ಮಾಡಿ ತಾನಾಗಿ ನಡೆಯುವ ಕೆಲಸಗಳನ್ನು ನೋಡಲು ಕ್ರಾನ್‌ಟ್ಯಾಬ್ ಆಜ್ಞೆ ಇದೆ. ನನಗೆ ಅವರು ಕೊಟ್ಟದ್ದು ತಂತ್ರಾಂಶ ಓಡಿಸುವ ಸಾಮಾನ್ಯ ಬಳಕೆದಾರನ ಖಾತೆ. ಅದರಿಂದ ಒಳಹೊಕ್ಕು ಆ ಆಜ್ಞೆ ಕೊಟ್ಟೆ. ಈ ಬಳಕೆದಾರನಿಗೆ ಕ್ರಾನ್‌ಟ್ಯಾಬ್ ಇಲ್ಲ ಎಂಬ ಉತ್ತರ ಬಂತು. ಪಟ್ಟಿಯಲ್ಲಿ ಆ ಸಾಲಿನ ಮುಂದೆ ಸರಿ ಎಂದು ಗುರುತು ಹಾಕಿದೆ. ಆ ಆಜ್ಞೆ ತೋರಿಸುವುದು ಅದನ್ನು ಕೊಟ್ಟ ಬಳಕೆದಾರನ ಕೆಲಸಗಳನ್ನು ಮಾತ್ರ. ಯಂತ್ರದ ಯಜಮಾನನಾದ ರೂಟ್ ಖಾತೆಯಲ್ಲಿ ಏನಿದೆ ಎನ್ನುವುದು ಅಲ್ಲಿಂದ ಕಾಣುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಚೆನ್ನಾಗಿಯೇ ಗೊತ್ತಿತ್ತು. ರೂಟ್ ಖಾತೆಯ ಪ್ರವೇಶ ಬೇಕೆಂದರೆ ಆ ಹಿರಿಯರ ಬಳಿ ಹೋಗಿ ಕುಳಿತು ಕೇಳಬೇಕಿತ್ತು. ಗಡುವು ಹತ್ತಿರ ಬಂದಿತ್ತು, ಬಿಟ್ಟೆ.

ರೂಟ್ ಖಾತೆಯಲ್ಲಿ ಒಂದೇ ಒಂದು ಸಾಲು ಇತ್ತು. ದಿನನಿತ್ಯದ ಪಾವತಿಗಳು ತಂತ್ರಾಂಶದ ಒಳಗಿನಿಂದಲೇ ಹೋಗುತ್ತಿದ್ದವು. ತಿಂಗಳ ಕೊನೆಗೆ ಒಟ್ಟಾಗಿ ಸಂದಾಯವಾಗುವ ಬಾಕಿ ಮೊತ್ತಕ್ಕೆ ಮಾತ್ರ ಬೇರೆಯೇ ದಾರಿ: ಆ ಸಾಲು ಒಂದು ಸ್ಕ್ರಿಪ್ಟನ್ನು, ಅಂದರೆ ಪುಟ್ಟ ಪ್ರೋಗ್ರಾಮನ್ನು, ಎಬ್ಬಿಸುತ್ತಿತ್ತು, ಸ್ಕ್ರಿಪ್ಟು ಡೇಟಾಬೇಸಿನಿಂದ ಲೆಕ್ಕ ತೆಗೆದು ಬ್ಯಾಂಕಿಗೆ ಬೇಕಾದ ರೂಪದ ಕಡತ ಬರೆದು ಕಳುಹಿಸುತ್ತಿತ್ತು. ಸ್ಕ್ರಿಪ್ಟು ಕೋಡಿನ ಆವೃತ್ತಿಗಳನ್ನೆಲ್ಲ ಕಾಪಿಡುವ ಗಿಟ್‌ನಲ್ಲಿ ಇರಲಿಲ್ಲ, ದಾಖಲೆಗಳಲ್ಲಿ ಇರಲಿಲ್ಲ. ಅಭಿವೃದ್ಧಿ ತಂಡದ ಹುಡುಗರು ಅದರ ಹೆಸರನ್ನೂ ಕೇಳಿರಲಿಲ್ಲ.

ತಿಂಗಳ ಆರಂಭದಲ್ಲಿ ಹೊಸ ವ್ಯವಸ್ಥೆಗೆ ದಾಟಿದೆವು. ಎರಡು ವಾರ ಎಲ್ಲವೂ ಸುಸೂತ್ರ. ಎರಡೆರಡು ಬಾಡಿಗೆ ಏಕೆ ಎಂದು ಗ್ರಾಹಕರು ಕೇಳಿದರು. ಹಳೆಯ ಸರ್ವರನ್ನು ಅಳಿಸಿ, ಅಂತರ್ಜಾಲದಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸವನ್ನೂ ಮರಳಿಸಿಬಿಟ್ಟೆ. ಡೇಟಾಬೇಸಿನ ಬ್ಯಾಕಪ್ ಇತ್ತಲ್ಲ, ಯಂತ್ರದ ಡಿಸ್ಕ್ ಯಾರಿಗೆ ಬೇಕು ಎಂಬ ಧೈರ್ಯ.

ತಿಂಗಳ ಕೊನೆಗೆ ಹಣ ಹೋಗಲಿಲ್ಲ. ಯಾವ ಎಚ್ಚರಿಕೆಯ ಗಂಟೆಯೂ ಬಾರಿಸಲಿಲ್ಲ. ಇದೆ ಎಂದೇ ಗೊತ್ತಿಲ್ಲದ ಕೆಲಸ ನಿಂತರೆ ಯಾವ ನಿಗಾ ವ್ಯವಸ್ಥೆ ತಾನೇ ಹೇಳೀತು? ಡ್ಯಾಶ್‌ಬೋರ್ಡಿನ ತುಂಬ ಹಸಿರು. ಸುದ್ದಿ ಬಂದದ್ದು ಕೌಂಟರಿನಿಂದ: ಚೌತಿ ಹತ್ತಿರ ಬಂತು, ಹಣ ಯಾವಾಗ ಬೀಳುತ್ತದೆ ಎಂದು ಜನ ಬಂದು ಕೇಳುತ್ತಿದ್ದಾರೆ ಎಂದು. ನಾನು ಅಲ್ಲಿಗೆ ಹೋದಾಗ ಒದ್ದೆ ಕೊಡೆಗಳನ್ನು ಗೋಡೆಗೆ ಒರಗಿಸಿ ಸಾಲು ನಿಂತಿತ್ತು. ಆ ಸಾಲಿನಲ್ಲಿ ನಮ್ಮ ಊರಿನವರೂ ಇದ್ದರು.

ಒಳಗೆ ಹಿರಿಯರ ಮೇಜಿನ ಬಳಿ ಹೋಗಿ, ತಿಂಗಳ ಬಾಕಿ ಹೇಗೆ ಹೋಗುತ್ತಿತ್ತು ಎಂದು ಕನ್ನಡದಲ್ಲಿ ಕೇಳಿದೆ. ಅವರು ಲೆಕ್ಕದ ಪುಸ್ತಕ ಬಿಡಿಸಿದರು. ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ಗೆರೆ ಹಾಕಿ ಬರೆದಿತ್ತು: ಮೊದಲ ಎರಡು ಸ್ಥಾನ ದಾಖಲೆಯ ಬಗೆ, ಆಮೇಲೆ ಖಾತೆ ಸಂಖ್ಯೆ, ಆಮೇಲೆ ಮೊತ್ತ, ಮೊತ್ತ ಪೈಸೆಯಲ್ಲಿರಬೇಕು, ಎಡಗಡೆ ಸೊನ್ನೆ ತುಂಬಬೇಕು, ದಶಮಾಂಶ ಬಿಂದು ಇರಕೂಡದು. ಇಡೀ ಸ್ಕ್ರಿಪ್ಟು ಆ ಎರಡು ಪುಟಗಳಲ್ಲಿತ್ತು. "ತಮ್ಮಾ, ಅವತ್ತೇ ಹೇಳಬೇಕೆಂದಿದ್ದೆ. ನೀವೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಿರಿ, ಇದೆಲ್ಲ ನಿಮಗೆ ಗೊತ್ತಿದ್ದೇ ಇರುತ್ತದೆ ಎಂದುಕೊಂಡೆ," ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಆ ರಾತ್ರಿಯೇ ಸ್ಕ್ರಿಪ್ಟನ್ನು ಮತ್ತೆ ಬರೆದೆ. ಬ್ಯಾಂಕಿನ ಸರ್ವರು ಕಡತವನ್ನು ಒಪ್ಪಲಿಲ್ಲ. ಅವರು ನೋಂದಾಯಿಸಿಕೊಂಡ ಐಪಿ ವಿಳಾಸದಿಂದ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ, ಆ ವಿಳಾಸವನ್ನು ನಾನೇ ಕೈಬಿಟ್ಟಿದ್ದೆ. ಹೊಸ ವಿಳಾಸ ಸೇರಿಸಲು ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಪತ್ರ, ಸಹಿ, ಮೊಹರು, ಬ್ಯಾಂಕಿನ ಕೇಂದ್ರ ಕಚೇರಿಯ ಒಪ್ಪಿಗೆ. ಅಷ್ಟರಲ್ಲಿ ತೀರಾ ಅಗತ್ಯ ಇದ್ದವರಿಗೆ ಸಂಸ್ಥೆಯ ನೌಕರರು ಕತ್ತಲಾಗುವವರೆಗೆ ಕುಳಿತು ಕೈಯಲ್ಲಿ ಚೆಕ್ ಬರೆದರು. ಉಳಿದವರಿಗೆ ಹಣ ಸಿಕ್ಕಿದ್ದು ಚೌತಿ ಕಳೆದ ಮೇಲೆ. ಆ ಗ್ರಾಹಕರು ಮುಂದಿನ ವರ್ಷ ನಮ್ಮ ಕಂಪನಿಯೊಂದಿಗೆ ಒಪ್ಪಂದ ಮುಂದುವರಿಸಲಿಲ್ಲ. ನನ್ನನ್ನು ಬಹಳ ಕಾಲ ಯಾವ ಗ್ರಾಹಕರ ಸಭೆಗೂ ಕರೆಯಲಿಲ್ಲ.

ಡೆವ್‌ಆಪ್ಸ್ ಹುಟ್ಟಿದ್ದು ಯಾವುದಕ್ಕಾಗಿ ಎಂದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. 2009ರಲ್ಲಿ ಬೆಲ್ಜಿಯಂನ ಘೆಂಟ್ ನಗರದಲ್ಲಿ ಪ್ಯಾಟ್ರಿಕ್ ಡೆಬೊಯಿಸ್ ಮೊದಲ ಡೆವ್‌ಆಪ್ಸ್ ಸಮ್ಮೇಳನ ಕರೆದದ್ದೇ ಕೋಡ್ ಬರೆಯುವವರನ್ನೂ ಯಂತ್ರ ನಡೆಸುವವರನ್ನೂ ಒಟ್ಟಿಗೆ ಕೂರಿಸುವುದಕ್ಕೆ. ನಾನು ಅದೇ ಹೆಸರಿನ ಹುದ್ದೆಯಲ್ಲಿ ಕುಳಿತು, ಯಂತ್ರ ನಡೆಸುವವರನ್ನು ಮೂಲೆಯಲ್ಲಿ ಬಿಟ್ಟು ಕೋಡ್ ಬರೆಯುವವರ ಜೊತೆ ಮಾತ್ರ ಮಾತಾಡಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಇದು ತಾಂತ್ರಿಕ ಕೆಲಸವೋ ಮಾತಿನ ಕೆಲಸವೋ ಎಂದು ಕೇಳಿದ್ದೀರಿ. ಹಾಗೆ ಎರಡು ಮಾಡಲು ಬರುವುದಿಲ್ಲ. ಗ್ರಾಹಕರ ವ್ಯವಸ್ಥೆಯಲ್ಲಿ ಯಾವ ದಾಖಲೆಯಲ್ಲೂ ಇಲ್ಲದ, ಒಬ್ಬರ ತಲೆಯಲ್ಲಿ ಮಾತ್ರ ಇರುವ ಸಂಗತಿಯನ್ನು ಹೊರಗೆ ತರುವುದೇ ಇಲ್ಲಿಯ ದೊಡ್ಡ ತಾಂತ್ರಿಕ ಕೆಲಸ, ಅದು ಕೇಳದೆ ಬರುವುದಿಲ್ಲ. ನೀವು ಕಡಿಮೆ ಮಾತಿನವರಾದರೆ ಒಳ್ಳೆಯದೇ. ಸಭೆಯಲ್ಲಿ ಬೇಕಾಗುವ ಇಂಗ್ಲಿಷ್ ಬಳಸುತ್ತ ಬಳಸುತ್ತ ಬರುತ್ತದೆ. ಸಭೆ ಮುಗಿದ ಮೇಲೆ ಸರ್ವರ್ ನೋಡಿಕೊಳ್ಳುವವರ ಪಕ್ಕ ಕುರ್ಚಿ ಎಳೆದುಕೊಂಡು, ಅವರಿಗೆ ಯಾವ ಭಾಷೆ ಹಿತವೋ ಅದರಲ್ಲಿ ಮಾತಾಡಿ. ನಮ್ಮ ಒಳನಾಡಿನಲ್ಲಿ ಅದು ಕನ್ನಡ, ಕಾರವಾರದ ಕಡೆ ಎಷ್ಟೋ ಸಲ ಕೊಂಕಣಿ. ಕುಮಟಾದವರಾದ ನಿಮಗೆ ಎರಡೂ ಕಿವಿಗೆ ಬಿದ್ದಿರುತ್ತವೆ. ತಿಂಗಳ ಕೊನೆಯಲ್ಲಿ ನೀವು ಯಾಕೆ ತಡವಾಗಿ ಮನೆಗೆ ಹೋಗುತ್ತೀರಿ ಎಂದು ಕೇಳಿ. ನೀವು ರಜೆ ಹಾಕಿದರೆ ಏನು ನಿಲ್ಲುತ್ತದೆ ಎಂದು ಕೇಳಿ. ಈ ಎರಡು ಪ್ರಶ್ನೆಗಳು ನನ್ನ ಪಟ್ಟಿಯ ಉಳಿದೆಲ್ಲ ಸಾಲುಗಳಿಗಿಂತ ಹೆಚ್ಚು ತಂದುಕೊಟ್ಟಿವೆ.

ಕೇಳಿದ ಮೇಲೆ ಯಂತ್ರವನ್ನೂ ಕೇಳಬೇಕು. ರೂಟ್ ಪ್ರವೇಶ ಸಿಗದೆ ಪಟ್ಟಿ ಪೂರ್ತಿಯಾಯಿತು ಎನ್ನಬೇಡಿ. ಎಲ್ಲ ಬಳಕೆದಾರರ ಕ್ರಾನ್‌ಟ್ಯಾಬ್, ಇಟಿಸಿ ಕೋಶದೊಳಗಿನ ಕ್ರಾನ್ ಕಡತಗಳು, ಸಿಸ್ಟಮ್‌ಡಿ ಟೈಮರುಗಳು, ಡೇಟಾಬೇಸಿನೊಳಗೇ ಗೊತ್ತು ಮಾಡಿಟ್ಟ ಕೆಲಸಗಳು, ವಿಂಡೋಸ್ ಇದ್ದರೆ ಟಾಸ್ಕ್ ಶೆಡ್ಯೂಲರ್, ತಾನಾಗಿ ನಡೆಯುವ ಕೆಲಸಗಳು ಅಡಗಿರುವ ಇಷ್ಟು ಜಾಗಗಳನ್ನೂ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಯಂತ್ರದಿಂದ ಹೊರಗೆ ಹೋಗುವ ಸಂಪರ್ಕಗಳನ್ನು ಒಂದು ಪೂರ್ತಿ ತಿಂಗಳಾದರೂ ದಾಖಲಿಸಿ. ನಾನು ಅಷ್ಟು ಮಾಡಿದ್ದರೆ, ತಿಂಗಳ ಕೊನೆಯ ದಿನ ಬ್ಯಾಂಕಿನ ವಿಳಾಸಕ್ಕೆ ಹೋದ ಒಂದು ಸಂಪರ್ಕ ಅಲ್ಲಿ ಕಾಣುತ್ತಿತ್ತು.

ಹಳೆಯ ಯಂತ್ರವನ್ನು ಬೇಗ ಅಳಿಸಬೇಡಿ. ನಿಲ್ಲಿಸಿಡಿ, ಡಿಸ್ಕ್ ಉಳಿಸಿ, ಐಪಿ ವಿಳಾಸ ಹಿಡಿದಿಟ್ಟುಕೊಳ್ಳಿ, ಲೆಕ್ಕಪತ್ರದ ಒಂದು ಸುತ್ತು ಮುಗಿಯಲಿ. ವರ್ಷಕ್ಕೊಮ್ಮೆ ಮಾರ್ಚ್ 31ರಂದು ಮಾತ್ರ ಏಳುವ ಸ್ಕ್ರಿಪ್ಟುಗಳೂ ಇರುತ್ತವೆ. ಖರ್ಚು ಯಾಕೆ ಎಂದು ಗ್ರಾಹಕರು ಕೇಳಿಯೇ ಕೇಳುತ್ತಾರೆ. ಈಚೆಗೆ ಒಂದು ಕಡೆ ಆಡಳಿತ ಮಂಡಳಿಯವರೆಲ್ಲ ಅಡಿಕೆ ತೋಟದವರೇ ಇದ್ದರು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗ, ಮುಂದಿನ ಮರ ಮೈಭಾರ ಹೊತ್ತ ಮೇಲೆಯೇ ಹಿಂದಿನ ಮರವನ್ನು ಬಿಡುತ್ತಾನಲ್ಲ, ಈ ಬಾಡಿಗೆ ಅಷ್ಟು ಹೊತ್ತಿನದು ಎಂದೆ. ಒಂದು ವರ್ಷದ ಬಾಡಿಗೆಗೆ ಅಲ್ಲಿಯೇ ಒಪ್ಪಿದರು.

ಬ್ಯಾಕಪ್ ಇದೆ ಎಂದು ಗ್ರಾಹಕರು ಹೇಳಿದರೆ ನಿಮ್ಮ ಎದುರೇ ಒಮ್ಮೆ ಮರಳಿಸಿ ತೋರಿಸಲು ಹೇಳಿ. 2017ರ ಜನವರಿ 31ರಂದು, ಜನ ತಮ್ಮ ಕೋಡ್ ಇಟ್ಟುಕೊಳ್ಳುವ ಸೇವೆ ನಡೆಸುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸಿನ ಕಡತಗಳನ್ನೇ ಅಳಿಸಿದಾಗ, ನೆಚ್ಚಿಕೊಂಡಿದ್ದ ಬ್ಯಾಕಪ್ ಉಪಾಯಗಳು ಕೈಕೊಟ್ಟವು. ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಒಂದು ಪ್ರತಿಯಿಂದ ಅವರು ಚೇತರಿಸಿಕೊಂಡರು. ಅಂಥವರಿಗೇ ಹಾಗಾದರೆ ನಮ್ಮ ಗ್ರಾಹಕರ ಗತಿ ಏನು?

ಪ್ರಮಾಣಪತ್ರಗಳ ಬಗ್ಗೆಯೂ ಕೇಳಿದ್ದೀರಿ. ಕುಬರ್ನೆಟಿಸ್ ನಿರ್ವಾಹಕರ ಪರೀಕ್ಷೆ ಒಂದು ಸಾಕು, ಅದನ್ನು ಕೈಯಾರೆ ಮಾಡಿ ತೋರಿಸಬೇಕು, ಅದಕ್ಕೇ ಬೆಲೆ. ಉಳಿದವುಗಳ ಹಿಂದೆ ಒಂದು ವರ್ಷ ಕಳೆಯಬೇಡಿ. ಕುಬರ್ನೆಟಿಸ್ ಕಲಿತ ಮಾತ್ರಕ್ಕೆ ಎಲ್ಲರ ತಲೆಗೂ ಅದನ್ನು ಕಟ್ಟಲೂಬೇಡಿ. ನನ್ನ ಆ ಗ್ರಾಹಕರಿಗೆ ಅದು ಬೇಕಾಗಿರಲೇ ಇಲ್ಲ ಎಂದು ಈಗ ಖಚಿತವಾಗಿ ಹೇಳುತ್ತೇನೆ. ಒಂದು ಒಳ್ಳೆಯ ಸರ್ವರು, ಗಿಟ್‌ನಲ್ಲಿ ಇಟ್ಟ ಸ್ಕ್ರಿಪ್ಟುಗಳು, ಸರಿಯಾದ ಬ್ಯಾಕಪ್ ಇದ್ದರೆ ಅವರಿಗೆ ಧಾರಾಳವಾಗಿತ್ತು. ಬೇಡ ಎಂದು ಹೇಳಲು ಬಾರದ ಆರ್ಕಿಟೆಕ್ಟ್ ಬರೀ ಮಾರಾಟಗಾರ.

ಊರಿನಲ್ಲಿಯೇ ಇದ್ದು ಮಾಡಬಹುದೇ? ಮಾಡಬಹುದು, ನಾನು ಮಾಡುತ್ತಿದ್ದೇನೆ. ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್, ರಾತ್ರಿ ಪೂರ್ತಿ ತಾಳುವ ಇನ್ವರ್ಟರ್ ಮೊದಲು ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಯಾರೂ ನಿಮ್ಮ ಸಭೆಗಾಗಿ ಓಡಿ ಬರುವುದಿಲ್ಲ. ಆದರೆ ಮೊದಲ ಭೇಟಿ ಎದುರಾಬದುರಾಗಿಯೇ ಆಗಬೇಕು, ಪರದೆಯಲ್ಲಿ ಮೂಲೆಯ ಕುರ್ಚಿ ಕಾಣುವುದಿಲ್ಲ. ಸ್ಥಳಾಂತರದ ದಿನವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟುಕೊಳ್ಳಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗ ಕುಮಟಾದಿಂದ ಅಂಕೋಲೆಗೆ ಹೋಗುವುದೇ ಎಷ್ಟು ಕಷ್ಟವಾಯಿತೆಂದು ನಿಮಗೆ ಗೊತ್ತು. ಗ್ರಾಹಕರ ಕಚೇರಿಗೆ ತಲುಪಲೇಬೇಕಾದ ದಿನ ಕುಮಟಾ ಶಿರಸಿ ದಾರಿಯ ದೇವಿಮನೆ ಘಟ್ಟವನ್ನು ನಂಬಿ ಕೂರುವಂತಾಗಬಾರದು.

ಹುದ್ದೆಗೆ ಒಪ್ಪಿಗೆ ಕೊಡುವ ಮುನ್ನ ಕಂಪನಿಯವರನ್ನು ಎರಡು ವಿಷಯ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಕೆಲಸ ಒಪ್ಪಿಸಿದ ಮೇಲೆ ಮೊದಲ ಮೂರು ತಿಂಗಳು ಆ ಗ್ರಾಹಕರ ಫೋನ್ ನಿಮಗೇ ಬರುತ್ತದೆಯೇ, ಬೇರೆ ತಂಡಕ್ಕೆ ಹೋಗುತ್ತದೆಯೇ? ಗಡುವು ಮುಂದೂಡಬೇಕು ಎಂದು ನೀವು ಹೇಳಿದರೆ ಆ ಮಾತಿಗೆ ಬೆಲೆ ಇದೆಯೇ? ಫೋನ್ ನಿಮಗೇ ಬರುತ್ತದೆ, ಗಡುವು ನಿಮ್ಮ ಮಾತಿನಂತೆ ಎಂದರೆ ಕಣ್ಣು ಮುಚ್ಚಿ ಸೇರಿಕೊಳ್ಳಿ. ಮಾರಾಟ ವಿಭಾಗದವರು ದಿನಾಂಕ ನಿಗದಿ ಮಾಡುತ್ತಾರೆ, ನೀವು ಸಭೆಗೆ ಹೋಗಿ ವಿವರಿಸಿ ಬಂದರೆ ಸಾಕು ಎಂದರೆ ಈಗಿರುವ ಕೆಲಸದಲ್ಲೇ ಇರಿ.