ಕನ್ನಡ ವಿಕಿಪೀಡಿಯದಲ್ಲಿ ಒಬ್ಬರು ಬೆನ್ನು ಬಿದ್ದು ಹೀಯಾಳಿಸುತ್ತಿದ್ದಾರೆ. ಬರೆಯುವುದನ್ನೇ ಬಿಟ್ಟುಬಿಡಲಾ?

ನೀವು ಹೇಳಿದ್ದು ಇಷ್ಟು. ಪುಣೆಯಲ್ಲಿ ಕೆಲಸದಲ್ಲಿದ್ದೀರಿ, ರಾತ್ರಿ ಹೊತ್ತು ಕನ್ನಡ ವಿಕಿಪೀಡಿಯದಲ್ಲಿ ಬರೆಯುತ್ತೀರಿ. ನೀವು ಯಾವ ಲೇಖನಕ್ಕೆ ಕೈ ಹಾಕಿದರೂ ಒಬ್ಬ ಸದಸ್ಯರು ಹಿಂದೆಯೇ ಬಂದು ರದ್ದು ಮಾಡುತ್ತಾರೆ. ಚರ್ಚೆಪುಟದಲ್ಲಿ "ಮರಾಠಿ ಊರಲ್ಲಿ ಕೂತವರು ನಮಗೆ ಕನ್ನಡ ಕಲಿಸೋದು ಬೇಡ" ಎಂದರು. ಆಮೇಲೆ ಅಡ್ಡಹೆಸರು ಹಿಡಿದು ಜಾತಿ ಕೆದಕಿದರು. ಈಗ ನಿಮ್ಮ ಆಫೀಸಿನ ಹೆಸರನ್ನೂ ಬರೆದಿದ್ದಾರೆ. ಇದನ್ನೆಲ್ಲ ನೋಡಿಯೂ ಉಳಿದವರು ಯಾರೂ ಬಾಯಿ ಬಿಡುತ್ತಿಲ್ಲ.

ಬಿಡಬೇಕೋ ಬೇಡವೋ ಆಮೇಲೆ ನೋಡೋಣ. ಆಫೀಸಿನ ಹೆಸರಿನ ವಿಷಯ ಮಾತ್ರ ಇವತ್ತೇ ಆಗಬೇಕು.

ಅದಕ್ಕಾಗಿ ಅರಳಿ ಕಟ್ಟೆಯಲ್ಲಿ, ಅಂದರೆ ಕನ್ನಡ ವಿಕಿಪೀಡಿಯದ ಎಲ್ಲರೂ ಸೇರುವ ಚರ್ಚೆಯ ಪುಟದಲ್ಲಿ, ದೂರು ಬರೆಯಬೇಡಿ. ಅಲ್ಲಿ ಬರೆದರೆ ಇದುವರೆಗೆ ನೋಡದವರೂ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಮೊದಲು ಆ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ವಿಳಾಸ, ತಾರೀಖು, ಸಮಯ ಎಲ್ಲ ಕಾಣುವ ಹಾಗಿರಲಿ. ನಂತರ ಆ ಬದಲಾವಣೆಯ ಕೊಂಡಿಯನ್ನು ನಕಲು ಮಾಡಿಟ್ಟುಕೊಳ್ಳಿ. ನೀವೇ ಆ ಸಾಲು ಅಳಿಸಿದರೂ ಪ್ರಯೋಜನ ಕಡಿಮೆ, ಪುಟದ ಇತಿಹಾಸದಲ್ಲಿ ಅದು ಹಾಗೇ ಇರುತ್ತದೆ. ನಿರ್ವಾಹಕರು ಆ ಆವೃತ್ತಿಯನ್ನು ಮರೆಮಾಡಬಹುದು. ಆಗ ಓದುಗರಿಗೆ ಕಾಣಲ್ಲ, ಬೇರೆ ನಿರ್ವಾಹಕರಿಗೆ ಕಾಣುತ್ತದೆ. ಅದಕ್ಕಿಂತ ಬಿಗಿಯಾದದ್ದು ಓವರ್‌ಸೈಟ್. ಅದಾದ ಮೇಲೆ ನಿರ್ವಾಹಕರಿಗೂ ಕಾಣಲ್ಲ. ಆ ಅಧಿಕಾರ ಇರುವ ಸದಸ್ಯರು ಇಲ್ಲದ ವಿಕಿಗಳಲ್ಲಿ ಈ ಕೆಲಸವನ್ನು ಸ್ಟೀವರ್ಡ್‌ಗಳು, ಅಂದರೆ ಎಲ್ಲ ವಿಕಿಗಳಲ್ಲೂ ಅಧಿಕಾರ ಇರುವ ಸ್ವಯಂಸೇವಕರು, ಮಾಡಿಕೊಡುತ್ತಾರೆ. ಅವರಿಗೆ ಖಾಸಗಿಯಾಗಿ ಮೇಲ್ ಕಳಿಸುವ ದಾರಿ ಎಲ್ಲ ವಿಕಿಗಳಿಗೂ ಸೇರಿದ ಮೆಟಾ-ವಿಕಿ ತಾಣದಲ್ಲಿದೆ. ಕೊಂಡಿ ಹಾಕಿ, "ನನ್ನ ಒಪ್ಪಿಗೆ ಇಲ್ಲದೆ ನನ್ನ ಕೆಲಸದ ಜಾಗ ಬರೆದಿದ್ದಾರೆ" ಎಂದರೆ ಸಾಕು. ಇಡೀ ಜಗಳದ ಕಥೆ ಅಲ್ಲಿ ಬೇಡ.

ಇನ್ನೊಂದು ಮಾತು. ಆಫೀಸಿನಲ್ಲಿ ನಿಮ್ಮ ಮೇಲಿನವರಿಗೆ ನೀವೇ ಮೊದಲು ವಿಷಯ ತಿಳಿಸಿಬಿಡಿ. ಇಂಥವರು ಕೆಲವೊಮ್ಮೆ ಕಂಪನಿಗೇ ಮೇಲ್ ಹಾಕುತ್ತಾರೆ. ಅಪರಿಚಿತರ ಮೇಲ್‌ನಿಂದ ಗೊತ್ತಾಗುವುದಕ್ಕಿಂತ ನಿಮ್ಮ ಬಾಯಿಂದ ಗೊತ್ತಾಗುವುದು ಒಳ್ಳೆಯದು.

ನಿಮಗೆ ಆದದ್ದು "ಸಣ್ಣ ಮನಸ್ತಾಪ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯಾ ಫೌಂಡೇಶನ್ನಿನ ಆಡಳಿತ ಮಂಡಳಿ ಎಲ್ಲ ಭಾಷೆಯ ಯೋಜನೆಗಳಿಗೂ ಸೇರಿಸಿ ಒಪ್ಪಿಕೊಂಡ ಒಂದು ನಡವಳಿಕೆಯ ಸಂಹಿತೆ 2021ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದರಲ್ಲಿ ಕಿರುಕುಳ ಎಂದರೇನು ಎಂದು ಬಿಡಿಬಿಡಿಯಾಗಿ ಹೇಳಿದ್ದಾರೆ. ಜಾತಿ ಹಿಡಿದು ಅವಮಾನ ಮಾಡುವುದು ಅದರಲ್ಲಿದೆ, ಜಾತಿ ಎಂಬ ಪದವೇ ಇದೆ. ಒಬ್ಬರು ಕೆಲಸ ಮಾಡುವ ಜಾಗವನ್ನು ಒಪ್ಪಿಗೆ ಇಲ್ಲದೆ ಬಯಲು ಮಾಡುವುದು ಇದೆ. ಒಬ್ಬರ ಬೆನ್ನು ಹತ್ತಿ ಪುಟದಿಂದ ಪುಟಕ್ಕೆ ಹೋಗಿ, ಅವರ ಮನಸ್ಸು ಮುರಿಯಲೆಂದೇ ತಪ್ಪು ಹುಡುಕುವುದೂ ಇದೆ. ನಿಮ್ಮ ವಿಷಯದಲ್ಲಿ ಮೂರೂ ಆಗಿವೆ. ಇನ್ನೂ ಒಂದು ಒಳ್ಳೆಯ ಮಾತು ಅದರಲ್ಲಿದೆ: ಒಂದೊಂದಾಗಿ ನೋಡಿದರೆ ಸಣ್ಣದು ಅನ್ನಿಸುವ ಕುಹಕ ಮತ್ತೆ ಮತ್ತೆ ಆದಾಗ ಒಟ್ಟಾರೆಯಾಗಿ ಅವಮಾನವೇ ಆಗಬಹುದು. ನಿಮ್ಮ ದೂರಿನಲ್ಲಿ ಈ ಸಾಲನ್ನು ಖಂಡಿತ ನೆನಪಿಸಿ. ಯಾಕಂದ್ರೆ "ಅವರು ಬೈದಿಲ್ಲವಲ್ಲ, ಸುಮ್ನೆ ತಮಾಷೆ ಮಾಡಿದ್ದು" ಎನ್ನುವವರು ಬಂದೇ ಬರುತ್ತಾರೆ.

ಆದರೆ ದೂರು ಗಟ್ಟಿಯಾಗಿ ನಿಲ್ಲಬೇಕಾದರೆ ಎರಡು ಗಂಟುಗಳನ್ನು ಬಿಡಿಸಿ ಬೇರೆ ಮಾಡಬೇಕು. ಲೇಖನದ ಬಗ್ಗೆ ಇರುವ ಭಿನ್ನಾಭಿಪ್ರಾಯ ಒಂದು, ನಿಮ್ಮ ಮೇಲಿನ ದಾಳಿ ಇನ್ನೊಂದು. ನಿಮ್ಮ ಸಂಪಾದನೆಯನ್ನು ರದ್ದು ಮಾಡುವುದು ತಾನಾಗಿ ಕಿರುಕುಳ ಅಲ್ಲ. ಆಕರ ಇಲ್ಲ ಎಂದರೆ ಆಕರ ಕೊಡಬೇಕು, ಅದರಲ್ಲಿ ನೋವು ಪಡುವಂಥದ್ದು ಏನಿಲ್ಲ. ಆ ಸದಸ್ಯರು ಹೇಳಿದ್ದರಲ್ಲಿ ಲೇಖನಕ್ಕೆ ಸಂಬಂಧಿಸಿದ ಅರ್ಧ ಸಾಲು ಇದ್ದರೂ ಅದಕ್ಕೆ ಮಾತ್ರ ಉತ್ತರ ಕೊಡಿ. ಉದಾಹರಣೆಗೆ, "ಮುಂಬಯಿ ಕನ್ನಡ ರಾತ್ರಿಶಾಲೆಗಳ ಬಗ್ಗೆ ಯಾವುದೋ ಸಂಘದ ಸಂಚಿಕೆ ತಂದು ಹಾಕ್ತೀರಾ, ನಿಮ್ಮಂಥವರಿಂದಲೇ ವಿಕಿ ಹಾಳಾಗಿದ್ದು" ಎಂದರು ಅನ್ನೋಣ. ಉತ್ತರ ಹೀಗಿದ್ದರೆ ಸಾಕು: "ಆಕರ ಸಂಘದ ಸ್ಮರಣ ಸಂಚಿಕೆ, ಪುಟ ಸಂಖ್ಯೆ ಕೊಟ್ಟಿದ್ದೇನೆ. ಇದಕ್ಕೆ ವಿರುದ್ಧವಾದ ಆಕರ ಇದ್ದರೆ ಇಲ್ಲಿ ಹಾಕಿ, ಸೇರಿಸೋಣ. ನನ್ನ ಬಗ್ಗೆ ಬರೆದ ಮಾತು ಈ ಪುಟಕ್ಕೆ ಸಂಬಂಧಿಸಿದ್ದಲ್ಲ." ಇಷ್ಟು ಬರೆದು ಸಹಿ ಹಾಕಿ ಎದ್ದುಬಿಡಿ. ಮರುದಿನ ಮೂರನೆಯವರೊಬ್ಬರು ಆ ಪುಟ ಓದಿದಾಗ ಯಾರು ಏನು ಮಾಡುತ್ತಿದ್ದಾರೆ ಎಂದು ಅವರಿಗೇ ತಿಳಿಯುತ್ತದೆ. ನೀವೂ ಒಂದು ಮಾತು ಬಿಸಿಯಾಗಿ ಹೇಳಿಬಿಟ್ಟರೆ "ಇಬ್ಬರದ್ದೂ ತಪ್ಪಿದೆ" ಎಂದು ಕೈ ತೊಳೆದುಕೊಳ್ಳುವುದು ಎಲ್ಲರಿಗೂ ಸುಲಭ. ಆ ಅವಕಾಶ ಕೊಡಬೇಡಿ.

ಸ್ಮರಣ ಸಂಚಿಕೆಯ ಮಾತು ಸುಮ್ಮನೆ ಬಂದದ್ದಲ್ಲ. ನಾನು ಮುಂಬಯಿ ಪಕ್ಕದ ಡೊಂಬಿವಿಲಿಯಲ್ಲಿದ್ದೇನೆ. ಇಲ್ಲಿನ ಕನ್ನಡಿಗರ ಚರಿತ್ರೆ ಎಲ್ಲಿದೆ ಅಂದುಕೊಂಡಿದ್ದೀರಿ? ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದ್ದು. ಇಂಥ ಸಂಘಗಳ ಕಥೆ ಹೆಚ್ಚಾಗಿ ಉಳಿದಿರುವುದು ಅವುಗಳ ಸಂಚಿಕೆಗಳಲ್ಲಿ, ವಾರ್ಷಿಕ ವರದಿಗಳಲ್ಲಿ, ಮನೆಯ ಅಟ್ಟದ ಮೇಲಿನ ಟ್ರಂಕುಗಳಲ್ಲಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಮುಂಬಯಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಕೂತು ಓದಿದ ಹುಡುಗರ ಬಗ್ಗೆ ಬೆಂಗಳೂರಿನ ಗ್ರಂಥಾಲಯದಲ್ಲಿ ಎಷ್ಟು ಸಿಗುತ್ತದೆ? ಪುಣೆ, ಮುಂಬಯಿ, ಗೋವಾದಲ್ಲಿ ಕೂತ ನಮ್ಮಂಥವರು ಬರೆಯದಿದ್ದರೆ ಅದನ್ನು ಬರೆಯುವವರು ತೀರಾ ಕಡಿಮೆ. ಹಾಗಾಗಿ "ಮರಾಠಿ ಊರಲ್ಲಿ ಕೂತವರು" ಎಂಬ ಮಾತು ನಿಮ್ಮೊಬ್ಬರಿಗೆ ಬಿದ್ದ ಪೆಟ್ಟಲ್ಲ. ನೀವು ಹೊರಟುಹೋದರೆ ನಿಮ್ಮ ಜತೆ ಆ ಲೇಖನಗಳೂ ಹೋಗುತ್ತವೆ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ನಾಟಿದ ಸಾಲು: ಉಳಿದವರು ಯಾರೂ ಮಾತಾಡುತ್ತಿಲ್ಲ. ಜನ ಬಿಟ್ಟುಹೋಗುವುದು ಇದಕ್ಕೇ. ಬೈದವನಿಗಿಂತ, ಬೈಗುಳ ಓದಿ ಮುಂದಿನ ಪುಟಕ್ಕೆ ಹೋದವರು ಹೆಚ್ಚು ನೋಯಿಸುತ್ತಾರೆ. ನಾನು ಇದನ್ನು ಬೇರೊಂದು ಕಡೆ ಅನುಭವಿಸಿದ್ದೇನೆ. ಹಳೆಯ ಸಂಚಿಕೆಗಳನ್ನು ಟೈಪ್ ಮಾಡಿ ಜೋಡಿಸುವ ಒಂದು ಹವ್ಯಾಸಿ ಗುಂಪು ಅದು, ಹೆಸರು ಬೇಡ. ಅಲ್ಲಿ ಒಬ್ಬರು ನಾನು ತಿದ್ದಿದ್ದಕ್ಕೆಲ್ಲ "ಇದು ಹೋಟೆಲ್ ಕನ್ನಡ" ಎಂದು ಬರೆಯುತ್ತಿದ್ದರು. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಮೊಬೈಲಿನಲ್ಲಿ ಅದನ್ನು ಓದಿ, ಮನೆ ಮುಟ್ಟುವವರೆಗೂ ಅದೇ ತಲೆಯಲ್ಲಿ ತಿರುಗುತ್ತಿತ್ತು. ಒಂದು ದಿನ ಕಲ್ಯಾಣದ ನಿವೃತ್ತ ಮೇಷ್ಟ್ರೊಬ್ಬರು, ಗುಂಪಿನಲ್ಲಿ ಎಂದೂ ಮಾತಾಡದವರು, ಕೆಳಗೆ ಬರೆದರು: "ಇದು ಪುಸ್ತಕದ ಬಗ್ಗೆ ಆಡಿದ ಮಾತಲ್ಲ. ದಯವಿಟ್ಟು ತೆಗೆಯಿರಿ." ಅದರ ಕೆಳಗೆ ಇನ್ನೊಬ್ಬರು "ಹೌದು" ಎಂದರು. ಆಮೇಲೆ ಮತ್ತೊಬ್ಬರು. ಆ ವ್ಯಕ್ತಿ ಸಾಲು ತೆಗೆದರು, ಮುಂದೆ ಆ ಧಾಟಿಯಲ್ಲಿ ಬರೆಯಲಿಲ್ಲ. ನಾನು ಹಿಂದೆ ಎಷ್ಟೇ ಸಮಾಧಾನದಿಂದ ಉತ್ತರಿಸಿದರೂ ಆಗದ ಕೆಲಸ ಅದು.

ಅದಕ್ಕೇ ಹೇಳುತ್ತೇನೆ, ಒಬ್ಬರೇ ಎದುರಿಸಬೇಡಿ. ನೀವು ನಂಬುವ ಒಬ್ಬಿಬ್ಬರು ಸಂಪಾದಕರಿಗೆ ಖಾಸಗಿಯಾಗಿ ಬರೆಯಿರಿ. "ನನ್ನ ಪರ ವಾದಿಸಿ" ಎನ್ನಬೇಡಿ, ಲೇಖನದ ವಿಷಯದಲ್ಲಿ ಪಕ್ಷ ಕಟ್ಟಿದ ಹಾಗೆ ಆಗುತ್ತದೆ, ಅದು ವಿಕಿಯಲ್ಲಿ ನಿಷಿದ್ಧ. "ಈ ಚರ್ಚೆ ಓದಿ, ಇದು ಸರಿ ಅಲ್ಲ ಅನ್ನಿಸಿದರೆ ಆ ನಡವಳಿಕೆಯ ಬಗ್ಗೆ ಮಾತ್ರ ಒಂದು ಸಾಲು ಬರೆಯಿರಿ" ಎನ್ನಿ. ಹೆಚ್ಚಿನವರು ಸುಮ್ಮನಿರುವುದು ಕೆಟ್ಟತನದಿಂದಲ್ಲ. ತಮ್ಮ ಮೇಲೂ ಬರುತ್ತದೆ ಎಂಬ ಹೆದರಿಕೆ, ಇಲ್ಲವೇ ನಿಮಗೆ ಸಹಾಯ ಬೇಕು ಎಂದು ತಿಳಿಯದಿರುವುದು. ಕೇಳಿದರೆ ಬರುತ್ತಾರೆ.

ದೂರನ್ನು ಮೊದಲು ನಿರ್ವಾಹಕರಿಗೇ ಕೊಡಿ. ತಾರೀಖಿನ ಕ್ರಮದಲ್ಲಿ ಕೊಂಡಿಗಳು, ಪ್ರತಿಯೊಂದರ ಎದುರು ಅವರದೇ ಮಾತು, ನಿಮ್ಮ ವಿವರಣೆ ಒಂದೇ ಸಾಲು. ಆಫೀಸಿನ ಹೆಸರಿರುವ ಕೊಂಡಿಯನ್ನು ಮಾತ್ರ ಬಹಿರಂಗವಾಗಿ ಹಾಕಬೇಡಿ. ಸಣ್ಣ ವಿಕಿಗಳಲ್ಲಿ ಒಂದು ಕಷ್ಟ ಇದೆ. ನಿರ್ವಾಹಕರು ಬೆರಳೆಣಿಕೆಯ ಜನ, ಎಲ್ಲರೂ ಎಲ್ಲರಿಗೂ ಪರಿಚಯ, ಅದೇ ಸದಸ್ಯರ ಜತೆ ಕಾರ್ಯಾಗಾರದಲ್ಲಿ ಊಟ ಮಾಡಿದವರು. ಅಲ್ಲಿ ದೂರು ಕೊಳೆಯುತ್ತಿದ್ದರೆ ಕಾಯುತ್ತಾ ಕೂರಬೇಡಿ. ಸಂಹಿತೆಯನ್ನು ಜಾರಿ ಮಾಡಲು ಮೆಟಾ-ವಿಕಿಯಲ್ಲಿ ಒಂದು ಸಮನ್ವಯ ಸಮಿತಿ ಇದೆ. ಸ್ಥಳೀಯವಾಗಿ ದೂರು ಕೊಟ್ಟರೂ ಏನೂ ಆಗಲಿಲ್ಲ ಎಂಬುದನ್ನು ಅಲ್ಲಿ ತೋರಿಸಬಹುದು. ಮೈಮೇಲೆ ಕೈ ಮಾಡುವ ಬೆದರಿಕೆ ಬಂದರೆ ಇದಾವುದೂ ಬೇಡ, ಫೌಂಡೇಶನ್ನಿನ ತುರ್ತು ವಿಳಾಸಕ್ಕೆ ನೇರ ಮೇಲ್ ಮಾಡಿ, ಜತೆಗೆ ಪೊಲೀಸರ ಬಳಿ ಹೋಗಿ.

ಪೊಲೀಸರ ವಿಷಯದಲ್ಲಿ ನಿರೀಕ್ಷೆ ಸರಿಯಾಗಿರಲಿ. ಬರೀ ಕಿರಿಕಿರಿ ಆಗುವ ಮಾತಿಗೆ ಕೇಸು ಹಾಕುವ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಆ ಕೇಸಿನ ಬೇರು ಇಲ್ಲೇ ಪಕ್ಕದ ಪಾಲ್ಘರಿನಲ್ಲಿದೆ. 2012ರಲ್ಲಿ ಮುಂಬಯಿ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಂಧಿಸಿದ್ದರು. ಆ ಕಲಮು ಹೋದದ್ದು ಒಳ್ಳೆಯದೇ ಆಯಿತು ಎನ್ನುವವಳು ನಾನು. ಬೆದರಿಕೆಗೆ, ಬೆನ್ನು ಹತ್ತುವುದಕ್ಕೆ ಕಾನೂನು ಈಗಲೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಕೆಗೆ 351ನೇ ಕಲಮು. ಹೆಂಗಸಿನ ಬೆನ್ನು ಬೀಳುವ ಗಂಡಸಿಗೆ 78ನೇ ಕಲಮು, ಅದರಲ್ಲಿ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದೂ ಸೇರಿದೆ. ನೀವು ಹೆಣ್ಣೋ ಗಂಡೋ ಪ್ರಶ್ನೆಯಲ್ಲಿ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಆ ವ್ಯಕ್ತಿ ಕರ್ನಾಟಕದಲ್ಲಿದ್ದರೂ ನೀವು ಪುಣೆಯಲ್ಲೇ ದೂರು ಕೊಡಬಹುದು. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ಕೊಡಬಹುದು. ಠಾಣೆಯಲ್ಲಿ ಹೇಳಿಕೆ ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ. ಮರಾಠಿ ಚೆನ್ನಾಗಿ ಓದಲು ಬರದಿದ್ದರೆ ಬರುವವರನ್ನು ಕರೆದುಕೊಂಡು ಹೋಗಿ, ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ಕನ್ನಡದ ಬೈಗುಳಗಳಿಗೆ ಪಕ್ಕದಲ್ಲೇ ಮರಾಠಿ ಅರ್ಥ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಇಷ್ಟರ ನಡುವೆ ನಿಮ್ಮ ನಿದ್ದೆ ಮುಖ್ಯ. ವಿಕಿಯ ಪ್ರಾಶಸ್ತ್ಯಗಳಲ್ಲಿ (ಪ್ರಿಫರೆನ್ಸಸ್) ಆ ಸದಸ್ಯರ ಅಧಿಸೂಚನೆ ಬಾರದ ಹಾಗೆ, ಅವರು ನಿಮಗೆ ಮೇಲ್ ಕಳಿಸಲಾಗದ ಹಾಗೆ ಮಾಡಬಹುದು. ಈಗಲೇ ಮಾಡಿ. ಬಳಕೆದಾರ ಹೆಸರಿನಲ್ಲಿ ನಿಮ್ಮ ನಿಜವಾದ ಹೆಸರಿದ್ದರೆ ಬದಲಿಸಿಕೊಳ್ಳಬಹುದು. ಆದರೆ ಚರ್ಚೆಪುಟಗಳ ಹಳೆಯ ಸಹಿಗಳು ಹಾಗೇ ಉಳಿಯುತ್ತವೆ, ಪೂರ್ತಿ ಮುಚ್ಚಿಹೋಗುತ್ತದೆ ಅಂದುಕೊಳ್ಳಬೇಡಿ. ಸ್ವಲ್ಪ ದಿನ ದೂರ ಇರಬೇಕು ಅನ್ನಿಸಿದರೆ ಇರಿ, ಅದು ಸೋಲಲ್ಲ. ದೂರು ಕೊಟ್ಟ ಮೇಲೆ ಇರಿ, ಅಷ್ಟೇ. ಕೊಡುವ ಮುಂಚೆ ಹೋದರೆ ಆತ ಮುಂದಿನ ಹೊಸಬರ ಬೆನ್ನು ಹತ್ತುತ್ತಾನೆ.

ಆ ಚರ್ಚೆಪುಟದ ಹೆಸರನ್ನು ಇಲ್ಲಿ ಬರೆಯಬೇಡಿ, ಆಫೀಸಿನ ಹೆಸರು ಇನ್ನೂ ಅಲ್ಲಿರಬಹುದು. ಅದು ಮರೆಯಾದ ಮೇಲೆ ನನಗೆ ಖಾಸಗಿ ಸಂದೇಶದಲ್ಲಿ ಕಳಿಸಿ. ಪೂರ್ತಿ ಓದುತ್ತೇನೆ. ಲೇಖನದ ವಾದದಲ್ಲಿ ತಲೆ ಹಾಕಲ್ಲ. ನಿಮ್ಮ ಬಗ್ಗೆ ಆಡಿದ ಮಾತಿನ ಕೆಳಗೆ ನನ್ನ ಸಹಿ ಹಾಕಿ ಬರೆಯುತ್ತೇನೆ.