ಓದುಗರ ಪ್ರಶ್ನೆ: ಸುವಾರೆಜ್ ಇಲ್ಲದ ಹತ್ತು ಪಂದ್ಯಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಾದದಿಂದ ಹುಟ್ಟಿದವು. 2013ರ ಏಪ್ರಿಲ್ 21ರಂದು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನ ತವರು ಅಂಗಳವಾದ ಆನ್‌ಫೀಲ್ಡ್‌ನಲ್ಲಿ ನಡೆದ ಪಂದ್ಯದಲ್ಲಿ ಆ ತಂಡದ ಉರುಗ್ವೆ ಆಟಗಾರ ಲೂಯಿಸ್ ಸುವಾರೆಜ್ ಅವರು ಚೆಲ್ಸಿಯ ಬ್ರಾನಿಸ್ಲಾವ್ ಇವನೋವಿಚ್ ಅವರ ತೋಳನ್ನು ಕಚ್ಚಿದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅವರನ್ನು ಹತ್ತು ಪಂದ್ಯಗಳಿಗೆ ಅಮಾನತು ಮಾಡಿತು. ಆ ಶಿಕ್ಷೆ ನ್ಯಾಯವೇ, ಅದರಿಂದ ತಂಡದ ಲಯ ಕೆಟ್ಟಿತೇ ಅಥವಾ ಸುಧಾರಿಸಿತೇ ಎಂಬ ಚರ್ಚೆ ಲಿವರ್‌ಪೂಲ್ ಅಭಿಮಾನಿಗಳ ನಡುವೆ ಇಂದಿಗೂ ಮುಗಿದಿಲ್ಲ. ಉತ್ತರಿಸುತ್ತಿರುವ ನಾನೂ ಅದೇ ತಂಡದ ಅಭಿಮಾನಿ ಎಂಬುದನ್ನು ಓದುಗರು ಮೊದಲೇ ತಿಳಿದಿರುವುದು ಒಳ್ಳೆಯದು.

ಹಿಂಸಾತ್ಮಕ ವರ್ತನೆಗೆ ಸಾಮಾನ್ಯವಾಗಿ ಮೂರು ಪಂದ್ಯಗಳ ಅಮಾನತು ಇರುವಾಗ ಸುವಾರೆಜ್‌ಗೆ ಮಾತ್ರ ಹತ್ತು ಏಕೆ? 2006ರಲ್ಲಿ ಜರ್ಮೇನ್ ಡೆಫೋ ಕಚ್ಚಿದಾಗ ಹಳದಿ ಕಾರ್ಡಿನಲ್ಲೇ ಮುಗಿಯಿತಲ್ಲವೇ? ಇದು ತಾರತಮ್ಯವಲ್ಲದೆ ಮತ್ತೇನು?
— ಮೈಸೂರಿನ ಓದುಗರು

ನೀವು ಎತ್ತಿರುವ ಹೋಲಿಕೆ ಸರಿಯಾದದ್ದೇ, ಆದರೆ ಅದರಿಂದ ನೀವು ತಲುಪಿರುವ ತೀರ್ಮಾನವನ್ನು ನಾನು ಒಪ್ಪಲಾರೆ. ಟಾಟನ್‌ಹ್ಯಾಮ್ ಪರ ಆಡುತ್ತಿದ್ದ ಡೆಫೋ ವೆಸ್ಟ್ ಹ್ಯಾಮ್‌ನ ಹವಿಯೆರ್ ಮಷೆರಾನೊ ಅವರನ್ನು ಕಚ್ಚಿದ ಘಟನೆಯಲ್ಲಿ ರೆಫರಿ ಸ್ಥಳದಲ್ಲೇ ಹಳದಿ ಕಾರ್ಡ್ ತೋರಿಸಿದ್ದರು. ರೆಫರಿ ಗಮನಿಸಿ ಕ್ರಮ ಕೈಗೊಂಡ ವಿಷಯವನ್ನು ಮತ್ತೆ ಕೈಗೆತ್ತಿಕೊಳ್ಳುವಂತಿಲ್ಲ ಎಂಬ ನಿಲುವಿನಿಂದಾಗಿ ಆ ಪ್ರಕರಣ ಅಲ್ಲಿಗೇ ನಿಂತಿತು. 2013ರಲ್ಲಿ ರೆಫರಿ ಕೆವಿನ್ ಫ್ರೆಂಡ್ ಅವರು ಕಚ್ಚಿದ್ದನ್ನು ನೋಡಿರಲಿಲ್ಲ. ಆದ್ದರಿಂದ ವಿಡಿಯೊ ಆಧರಿಸಿ ಸಂಸ್ಥೆ ಆರೋಪ ಹೊರಿಸಬಹುದಾಯಿತು. ರೆಫರಿಯ ಕಣ್ಣಿಗೆ ಬಿದ್ದ ತಪ್ಪಿಗೆ ಹಳದಿ ಕಾರ್ಡ್, ಕಣ್ಣಿಗೆ ಬೀಳದ ತಪ್ಪಿಗೆ ಹತ್ತು ಪಂದ್ಯ ಎಂಬುದು ಖಂಡಿತವಾಗಿಯೂ ವಿಚಿತ್ರ. ಆದರೆ ಇಲ್ಲಿ ಕಡಿಮೆಯಾದದ್ದು ಡೆಫೋಗೆ ಸಿಕ್ಕ ಶಿಕ್ಷೆಯೇ ಹೊರತು, ಸುವಾರೆಜ್‌ಗೆ ಸಿಕ್ಕದ್ದು ಹೆಚ್ಚಾಗಲಿಲ್ಲ.

ಮೂರು ಪಂದ್ಯಗಳ ಸಾಮಾನ್ಯ ಶಿಕ್ಷೆ ಈ ತಪ್ಪಿಗೆ ಸಾಲದು ಎಂದು ಸಂಸ್ಥೆ ಆರೋಪಪಟ್ಟಿಯ ಹಂತದಲ್ಲೇ ಹೇಳಿತ್ತು. ಸುವಾರೆಜ್ ತಪ್ಪನ್ನು ಒಪ್ಪಿಕೊಂಡರು, ಆದರೆ ಮೂರು ಪಂದ್ಯ ಸಾಲದು ಎಂಬ ಮಾತನ್ನು ಒಪ್ಪಲಿಲ್ಲ. ಮೂವರು ಸದಸ್ಯರ ಸ್ವತಂತ್ರ ಸಮಿತಿ ಹತ್ತು ಎಂದು ತೀರ್ಮಾನಿಸಿತು, ಅವರು ಮೇಲ್ಮನವಿ ಸಲ್ಲಿಸಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಚೆಂಡಿಗಾಗಿ ನುಗ್ಗುವಾಗ ಕಾಲು ಜಾರಿ ಎದುರಾಳಿಗೆ ಬೀಳುವ ಒದೆತಕ್ಕೆ ಆಟದೊಳಗೆ ಒಂದು ಕಾರಣವಾದರೂ ಇರುತ್ತದೆ, ಕಚ್ಚುವುದಕ್ಕೆ ಅಂಥ ಯಾವ ಕಾರಣವೂ ಇಲ್ಲ. ಅದಲ್ಲದೆ 2010ರ ನವೆಂಬರ್‌ನಲ್ಲಿ, ಆಯಾಕ್ಸ್ ತಂಡದಲ್ಲಿದ್ದಾಗ, ಪಿಎಸ್‌ವಿಯ ಒಟ್ಮನ್ ಬಕ್ಕಲ್ ಅವರನ್ನು ಕಚ್ಚಿ ಏಳು ಪಂದ್ಯಗಳ ಅಮಾನತು ಅನುಭವಿಸಿದ್ದ ಆಟಗಾರ ಇವರು. ಏಳು ಪಂದ್ಯಗಳಿಂದ ಬುದ್ಧಿ ಬಾರದವರಿಗೆ ಮೂರು ಸಾಕು ಎಂದು ವಾದಿಸುವುದು ಅಭಿಮಾನಿಯಾದ ನನಗೂ ಸಾಧ್ಯವಾಗುವುದಿಲ್ಲ.

ನಮ್ಮ ವಾದಗಳಲ್ಲಿ ಇವನೋವಿಚ್ ಅವರ ಹೆಸರು ಬರುವುದೇ ಅಪರೂಪ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಅಂದು ಕಚ್ಚಿದ ಆಟಗಾರ ಕೆಂಪು ಕಾರ್ಡ್ ಪಡೆಯದೆ ಅಂಗಳದಲ್ಲೇ ಉಳಿದರು ಮತ್ತು 97ನೆಯ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಪಂದ್ಯವನ್ನು 2–2ರ ಸಮಬಲಕ್ಕೆ ತಂದರು. ಗೆಲುವಿಗೆ ಮೂರು ಅಂಕ, ಸಮಬಲಕ್ಕೆ ಒಂದೇ; ಚೆಲ್ಸಿ ಕಳೆದುಕೊಂಡ ಆ ಎರಡು ಅಂಕಗಳನ್ನು ಹತ್ತು ಪಂದ್ಯಗಳ ಅಮಾನತು ಹಿಂದಿರುಗಿಸಲಿಲ್ಲ. ಆಮೇಲೆ ವಿಧಿಸುವ ಅಮಾನತಿನ ಲಾಭ ಯಾವಾಗಲೂ ಮುಂದಿನ ಎದುರಾಳಿಗಳಿಗೆ ಹೋಗುತ್ತದೆ, ನೊಂದ ತಂಡಕ್ಕಲ್ಲ. ಅನ್ಯಾಯವೆಂದು ದೂರುವ ಹಕ್ಕು ಯಾರಿಗಾದರೂ ಇದ್ದರೆ ಅದು ಚೆಲ್ಸಿಯವರಿಗೆ.

ಸುವಾರೆಜ್ ಇಲ್ಲದಿದ್ದಾಗಲೇ ತಂಡ ಒಗ್ಗಟ್ಟಿನಿಂದ ಚೆನ್ನಾಗಿ ಆಡಿತು ಎಂದು ನಮ್ಮ ಭಾವ ಹೇಳುತ್ತಾರೆ. ಅಂಥ ಆಟಗಾರನಿಲ್ಲದೆ ತಂಡ ಬಲಗೊಳ್ಳುವುದು ಸಾಧ್ಯವೇ ಇಲ್ಲ ಎಂಬುದು ನನ್ನ ವಾದ. ಮನೆಯಲ್ಲಿ ಪ್ರತಿ ಹಬ್ಬಕ್ಕೂ ಇದೇ ಚರ್ಚೆ. ದಯವಿಟ್ಟು ಅಂಕಿ ಅಂಶಗಳೊಂದಿಗೆ ತಿಳಿಸಿ.
— ಶಿವಮೊಗ್ಗದ ಓದುಗರು

ನಿಮ್ಮ ಭಾವನವರ ಮಾತಿಗೆ ಮೇಲ್ನೋಟಕ್ಕೆ ಗಟ್ಟಿಯಾದ ಆಧಾರವೇ ಇದೆ. ಅಮಾನತಿನ ಹತ್ತು ಪಂದ್ಯಗಳಲ್ಲಿ ಒಂಬತ್ತು ಲೀಗ್ ಪಂದ್ಯಗಳು. ಉಳಿದ ಒಂದು ನಾಟ್ಸ್ ಕೌಂಟಿ ವಿರುದ್ಧದ ಲೀಗ್ ಕಪ್ ಪಂದ್ಯ. ಮೊದಲ ನಾಲ್ಕರಲ್ಲಿ ಲಿವರ್‌ಪೂಲ್ ನ್ಯೂಕಾಸಲ್ ತಂಡವನ್ನು ಅವರದೇ ಅಂಗಳದಲ್ಲಿ 6–0ರಿಂದ ಸೋಲಿಸಿ, ಎವರ್ಟನ್ ಜೊತೆ ಗೋಲಿಲ್ಲದೆ ಸಮ ಮಾಡಿಕೊಂಡು, ಫುಲ್ಹ್ಯಾಮ್ ಮತ್ತು ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ ಗೆದ್ದಿತು. ಹೊಸ ಋತು ಆರಂಭವಾದ ಮೇಲೆ ಸ್ಟೋಕ್, ಆಸ್ಟನ್ ವಿಲ್ಲಾ, ಮ್ಯಾಂಚೆಸ್ಟರ್ ಯುನೈಟೆಡ್ ಮೂವರನ್ನೂ 1–0ರಿಂದ ಸೋಲಿಸಿತು, ಸ್ವಾನ್ಸಿ ಜೊತೆ 2–2ರ ಸಮಬಲ ಸಾಧಿಸಿತು, ಸೌತಾಂಪ್ಟನ್‌ಗೆ ತವರಿನಲ್ಲಿ 0–1ರಿಂದ ಸೋತಿತು. ಒಟ್ಟು ಒಂಬತ್ತು ಲೀಗ್ ಪಂದ್ಯಗಳಿಂದ 20 ಅಂಕ. ಹೊಡೆದ ಗೋಲು 15, ಬಿಟ್ಟುಕೊಟ್ಟದ್ದು ನಾಲ್ಕೇ ನಾಲ್ಕು.

ಈಗ ಇದರ ಪಕ್ಕದಲ್ಲಿ ಸುವಾರೆಜ್ ಮರಳಿದ ಮೇಲಿನ ಲೆಕ್ಕವನ್ನಿಡಿ. 2013–14ರ ಉಳಿದ 33 ಲೀಗ್ ಪಂದ್ಯಗಳನ್ನೂ ಅವರು ಆಡಿದರು; ತಂಡ 74 ಅಂಕ ಗಳಿಸಿತು, 96 ಗೋಲು ಹೊಡೆಯಿತು, 47 ಬಿಟ್ಟುಕೊಟ್ಟಿತು. ಪಂದ್ಯವೊಂದಕ್ಕೆ ಅಂಕಗಳ ಸರಾಸರಿ ನೋಡಿದರೆ ಅವರಿಲ್ಲದಾಗ 2.22, ಅವರಿದ್ದಾಗ 2.24. ವ್ಯತ್ಯಾಸವೇ ಇಲ್ಲ ಎನ್ನಬಹುದು. ಆದರೆ ಆಟದ ಬಗೆ ಪೂರ್ತಿ ಬೇರೆ: ಅವರಿಲ್ಲದಾಗ ಪಂದ್ಯಕ್ಕೆ ಸುಮಾರು 1.7 ಗೋಲು ಹೊಡೆದು ಅರ್ಧ ಗೋಲನ್ನೂ ಬಿಟ್ಟುಕೊಡದ ತಂಡ, ಅವರಿದ್ದಾಗ ಸುಮಾರು 2.9 ಹೊಡೆದು 1.4 ಬಿಟ್ಟುಕೊಟ್ಟಿತು. ಅಂದರೆ ತಂಡದ ಬಲ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಅದೇ ಫಲವನ್ನು ಬೇರೆ ದಾರಿಯಿಂದ ಪಡೆಯಿತು. ತರಬೇತುದಾರ ಬ್ರೆಂಡನ್ ರಾಜರ್ಸ್ ಅವರು ಸುವಾರೆಜ್ ಮತ್ತು ಡೇನಿಯಲ್ ಸ್ಟರಿಜ್ ಇಬ್ಬರನ್ನೂ ಒಟ್ಟಿಗೆ ಮುಂದೆ ನಿಲ್ಲಿಸಿ, ಹಿಂದೆ ತೆರವಾಗುವ ಜಾಗದ ಅಪಾಯವನ್ನು ತಿಳಿದೇ ಒಪ್ಪಿಕೊಂಡರು.

ಹಾಗೆಂದು ಒಂಬತ್ತು ಪಂದ್ಯಗಳ ಲೆಕ್ಕದ ಮೇಲೆ ಹೆಚ್ಚು ಭಾರ ಹಾಕಬೇಡಿ. ಸ್ಟೋಕ್ ವಿರುದ್ಧ ಕೊನೆಯ ನಿಮಿಷಗಳಲ್ಲಿ ಜಾನ್ ವಾಲ್ಟರ್ಸ್ ಹೊಡೆದ ಪೆನಾಲ್ಟಿಯನ್ನು ಹೊಸ ಗೋಲ್‌ಕೀಪರ್ ಸಿಮೊನ್ ಮಿನ್ಯೊಲೆ ತಡೆಯದಿದ್ದರೆ ಎರಡು ಅಂಕಗಳು ಅಲ್ಲೇ ಹೋಗುತ್ತಿದ್ದವು. ಇದಕ್ಕಿಂತ ಒಳ್ಳೆಯ ಎಚ್ಚರಿಕೆ ನಮ್ಮದೇ ಇತಿಹಾಸದಲ್ಲಿದೆ. 2012ರ ಜನವರಿಯಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್‌ನ ಪಾಟ್ರಿಸ್ ಎವ್ರಾ ಅವರನ್ನು ಜನಾಂಗೀಯವಾಗಿ ನಿಂದಿಸಿದ ಪ್ರಕರಣದಲ್ಲಿ, ಇದೇ ಸುವಾರೆಜ್ ಎಂಟು ಪಂದ್ಯಗಳ ಅಮಾನತಿನಲ್ಲಿದ್ದರು. ಆಗಿನ ನಾಲ್ಕು ಲೀಗ್ ಪಂದ್ಯಗಳಲ್ಲಿ ಲಿವರ್‌ಪೂಲ್ ಮ್ಯಾಂಚೆಸ್ಟರ್ ಸಿಟಿಗೆ 0–3ರಿಂದ, ಬೋಲ್ಟನ್‌ಗೆ 1–3ರಿಂದ ಸೋತು, ಸ್ಟೋಕ್ ಜೊತೆ ಗೋಲಿಲ್ಲದೆ ಸಮ ಮಾಡಿಕೊಂಡು, ವುಲ್ವ್ಸ್ ವಿರುದ್ಧ ಮಾತ್ರ ಗೆದ್ದಿತು. ನಾಲ್ಕು ಪಂದ್ಯ, ನಾಲ್ಕು ಅಂಕ. ಅದೇ ಆಟಗಾರನ ಗೈರುಹಾಜರಿ, ಫಲಿತಾಂಶ ಮಾತ್ರ ತದ್ವಿರುದ್ಧ.

ಈ ನಡುವೆ ಬದಲಾದದ್ದು ಉಳಿದವರು. 2013ರ ಜನವರಿಯಲ್ಲಿ ಸ್ಟರಿಜ್ ಮತ್ತು ಫಿಲಿಪ್ ಕುಟಿನ್ಯೊ ತಂಡ ಸೇರಿದ್ದರು. ಸುವಾರೆಜ್ ಇಲ್ಲದ ಆ ಒಂಬತ್ತು ಲೀಗ್ ಪಂದ್ಯಗಳ 15 ಗೋಲುಗಳಲ್ಲಿ ಒಂಬತ್ತನ್ನು ಹೊಡೆದವರು ಸ್ಟರಿಜ್ ಒಬ್ಬರೇ. ಆದ್ದರಿಂದ ನಿಮ್ಮ ಭಾವನವರಿಗೆ ಹೀಗೆ ಹೇಳಿ: ಸುವಾರೆಜ್ ಹೋದದ್ದರಿಂದ ತಂಡ ಚೆನ್ನಾಗಿ ಆಡಲಿಲ್ಲ, ಸ್ಟರಿಜ್ ಇದ್ದದ್ದರಿಂದ ಚೆನ್ನಾಗಿ ಆಡಿತು. 2013–14ರಲ್ಲಿ ಸುವಾರೆಜ್ 31, ಸ್ಟರಿಜ್ 21, ಇಬ್ಬರೂ ಸೇರಿ ಲೀಗ್‌ನಲ್ಲಿ 52 ಗೋಲು ಹೊಡೆದರು. ಮರುವರ್ಷ ಸುವಾರೆಜ್ ಬಾರ್ಸಿಲೋನಾಕ್ಕೆ ಹೋಗಿ, ಸ್ಟರಿಜ್ ಗಾಯದಿಂದ ಬಹುಕಾಲ ಹೊರಗುಳಿದಾಗ, ಇಡೀ ಲಿವರ್‌ಪೂಲ್ ತಂಡ ಲೀಗ್‌ನಲ್ಲಿ ಹೊಡೆದದ್ದು ಅಷ್ಟೇ 52 ಗೋಲು. ತಂಡ ಎರಡನೆಯ ಸ್ಥಾನದಿಂದ ಆರನೆಯದಕ್ಕೆ ಇಳಿಯಿತು. ಇಲ್ಲಿ ಗೆಲುವು ನಿಮ್ಮದು.

ಅಮಾನತು ಜಾರಿಯಲ್ಲಿದ್ದಾಗಲೇ 2013ರ ಜೂನ್‌ನಲ್ಲಿ ಸುವಾರೆಜ್ ಉರುಗ್ವೆ ಪರ ಕಾನ್ಫೆಡರೇಷನ್ಸ್ ಕಪ್ ಆಡಿದ್ದು ಹೇಗೆ?
— ಮಂಗಳೂರಿನ ಓದುಗರು

ಆ ಅಮಾನತು ಇಂಗ್ಲೆಂಡಿನ ದೇಶೀಯ ಪಂದ್ಯಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. 2014ರ ವಿಶ್ವಕಪ್‌ನಲ್ಲಿ ಇಟಲಿಯ ಜಾರ್ಜೊ ಕಿಯೆಲ್ಲಿನಿ ಅವರನ್ನು ಕಚ್ಚಿದಾಗ ಫಿಫಾ ಕೊಟ್ಟ ಶಿಕ್ಷೆ ಹಾಗಿರಲಿಲ್ಲ: ಒಂಬತ್ತು ಅಂತರರಾಷ್ಟ್ರೀಯ ಪಂದ್ಯಗಳ ಜೊತೆಗೆ ನಾಲ್ಕು ತಿಂಗಳ ಕಾಲ ಫುಟ್‌ಬಾಲ್‌ನ ಎಲ್ಲ ಚಟುವಟಿಕೆಗಳಿಂದಲೂ ನಿಷೇಧ. ಕ್ರೀಡಾ ನ್ಯಾಯಮಂಡಳಿ ಆಗಸ್ಟ್‌ನಲ್ಲಿ ತರಬೇತಿಗೆ ಅವಕಾಶ ಕೊಟ್ಟರೂ, ಬಾರ್ಸಿಲೋನಾ ಪರ ಅವರು ಮೊದಲ ಅಧಿಕೃತ ಪಂದ್ಯ ಆಡಿದ್ದು ಅಕ್ಟೋಬರ್ 25ರಂದು, ರಿಯಲ್ ಮ್ಯಾಡ್ರಿಡ್ ವಿರುದ್ಧ.

ಸುವಾರೆಜ್ 2013–14ರ ಮೊದಲ ಐದು ಪಂದ್ಯಗಳಲ್ಲೂ ಇದ್ದಿದ್ದರೆ ನಾವು ಲೀಗ್ ಗೆಲ್ಲುತ್ತಿದ್ದೆವು. ಎರಡೇ ಅಂಕಗಳಿಂದ ಕೈತಪ್ಪಿತು. ಈ ನೋವು ನನಗಿನ್ನೂ ಆರಿಲ್ಲ.
— ಬೆಂಗಳೂರಿನ ಓದುಗರು

ನನಗೂ ಆರಿಲ್ಲ. ಲೀಗ್ ಗೆದ್ದ ಮ್ಯಾಂಚೆಸ್ಟರ್ ಸಿಟಿಗೆ 86 ಅಂಕ, ನಮಗೆ 84. ಗೋಲುಗಳ ಅಂತರದಲ್ಲೂ ಸಿಟಿ ಮುಂದಿದ್ದುದರಿಂದ ನಮಗೆ ಬೇಕಾಗಿದ್ದದ್ದು ಎರಡಲ್ಲ, ಮೂರು ಅಂಕ. ಸೌತಾಂಪ್ಟನ್ ವಿರುದ್ಧ ಸೋತ ಆ ಪಂದ್ಯವನ್ನು ಗೆದ್ದಿದ್ದರೆ 87 ಆಗುತ್ತಿತ್ತು ಎಂದು ನಿಮ್ಮಂತೆ ನಾನೂ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಆದರೆ ಆ ಐದರಲ್ಲಿ ಮೂರು ಪಂದ್ಯಗಳನ್ನು ಗೋಲನ್ನೇ ಬಿಟ್ಟುಕೊಡದೆ ಗೆದ್ದದ್ದೂ ಸುವಾರೆಜ್ ಇಲ್ಲದ ತಂಡವೇ. ಸೋತದ್ದನ್ನು ಅಮಾನತಿನ ಲೆಕ್ಕಕ್ಕೆ ಬರೆದು, ಗೆದ್ದದ್ದನ್ನು ಸುಮ್ಮನೆ ಜೇಬಿಗೆ ಹಾಕಿಕೊಳ್ಳುವುದು ಸರಿಯಲ್ಲ.

ಆ ವರ್ಷ ನಮ್ಮನ್ನು ನಿಜವಾಗಿ ಘಾಸಿಗೊಳಿಸಿದ ಅಮಾನತು ಬೇರೊಂದು ಎಂಬುದು ನನ್ನ ಬಲವಾದ ನಂಬಿಕೆ. 2014ರ ಏಪ್ರಿಲ್ 13ರಂದು ಆನ್‌ಫೀಲ್ಡ್‌ನಲ್ಲಿ ಸಿಟಿಯನ್ನು 3–2ರಿಂದ ಸೋಲಿಸಿದ ದಿನ, ಪಂದ್ಯ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಜೋರ್ಡನ್ ಹೆಂಡರ್ಸನ್ ಅವರು ಸಮೀರ್ ನಸ್ರಿ ಅವರ ಮೇಲೆ ತಡವಾಗಿ ನುಗ್ಗಿ ಕೆಂಪು ಕಾರ್ಡ್ ಪಡೆದರು. ಅದಕ್ಕೆ ಮೂರು ಪಂದ್ಯಗಳ ಅಮಾನತು. ಯಾರೂ ಅದರ ಬಗ್ಗೆ ಪತ್ರ ಬರೆಯುವುದಿಲ್ಲ, ಏಕೆಂದರೆ ಅದರಲ್ಲಿ ಹಗರಣವಿಲ್ಲ, ಶಿಕ್ಷೆಯ ಬಗ್ಗೆ ವಿವಾದವೂ ಇಲ್ಲ. ಅವರು ತಪ್ಪಿಸಿಕೊಂಡ ಮೂರು ಪಂದ್ಯಗಳು ಇವು: ನಾರ್ವಿಚ್ ವಿರುದ್ಧ ಪ್ರಯಾಸದ 3–2ರ ಗೆಲುವು, ಚೆಲ್ಸಿಗೆ 0–2ರ ಸೋಲು, ಕ್ರಿಸ್ಟಲ್ ಪ್ಯಾಲೆಸ್ ಜೊತೆ 3–3ರ ಸಮಬಲ.

ಆ ಚೆಲ್ಸಿ ಪಂದ್ಯದಲ್ಲಿ ನಮ್ಮ ನಾಯಕ ಸ್ಟೀವನ್ ಜೆರಾರ್ಡ್ ಕಾಲು ಜಾರಿ ಬಿದ್ದು ಎದುರಾಳಿಗೆ ಗೋಲಿನ ದಾರಿ ತೆರೆದದ್ದನ್ನೇ ಎಲ್ಲರೂ ನೆನೆಯುತ್ತಾರೆ. ಆದರೆ ಆ ಋತುವಿನಲ್ಲಿ ಜೆರಾರ್ಡ್ ರಕ್ಷಣಾ ಸಾಲಿನ ಮುಂದೆ ನಿಧಾನವಾಗಿ ನಿಂತು ಚೆಂಡು ಹಂಚಲು ಸಾಧ್ಯವಾಗಿದ್ದು, ಅವರ ಸುತ್ತಲಿನ ನೆಲವನ್ನೆಲ್ಲ ಹೆಂಡರ್ಸನ್ ಓಡಿ ಕಾಯುತ್ತಿದ್ದುದರಿಂದ. ಪ್ಯಾಲೆಸ್ ವಿರುದ್ಧ 79ನೆಯ ನಿಮಿಷದ ತನಕ ನಾವು 3–0ರಿಂದ ಮುಂದಿದ್ದೆವು. ಆಮೇಲೆ ಹತ್ತು ನಿಮಿಷದೊಳಗೆ ಮೂರು ಗೋಲು ಬಿದ್ದವು. ಸುವಾರೆಜ್ ಅಂಗಳದಲ್ಲೇ ಇದ್ದರು, ಕೊನೆಗೆ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆ ಹೊತ್ತಿಗೆ ತಂಡಕ್ಕೆ ಬೇಕಾಗಿದ್ದದ್ದು ನಾಲ್ಕನೆಯ ಗೋಲು ಹೊಡೆಯುವವರಲ್ಲ, ಮಧ್ಯದಲ್ಲಿ ಓಡಿ ಚೆಂಡನ್ನು ತಡೆಯುವವರು. ಕೆಲವೇ ಪಂದ್ಯಗಳಿಂದ ಸಾರ್ವತ್ರಿಕ ತೀರ್ಮಾನ ಮಾಡಬಾರದು ಎಂದು ಶಿವಮೊಗ್ಗದವರಿಗೆ ಹೇಳಿದ ಮಾತು ಇಲ್ಲಿ ನನಗೂ ಅನ್ವಯಿಸುತ್ತದೆ. ಆದರೂ ಆ ಮೂರು ಪಂದ್ಯಗಳನ್ನು ನೋಡಿದವರಿಗೆ ಮಧ್ಯಭಾಗದ ಆ ತೆರವು ಕಣ್ಣಿಗೆ ಕಾಣುವಂತಿತ್ತು.

ನಮ್ಮ ಆಟಗಾರ ತಪ್ಪು ಮಾಡಿದರೂ ಕಷ್ಟಕಾಲದಲ್ಲಿ ಅವನ ಬೆನ್ನಿಗೆ ನಿಲ್ಲುವುದು ಕ್ಲಬ್‌ನ ಮತ್ತು ಅಭಿಮಾನಿಗಳ ಧರ್ಮವಲ್ಲವೇ?
— ಧಾರವಾಡದ ಓದುಗರು

ಬೆನ್ನಿಗೆ ನಿಲ್ಲುವುದು ಬೇರೆ, ತಪ್ಪನ್ನು ಮುಚ್ಚುವುದು ಬೇರೆ. 2013ರಲ್ಲಿ ಕ್ಲಬ್ ಸ್ವತಃ ಸುವಾರೆಜ್‌ಗೆ ದಂಡ ಹಾಕಿ, ಆ ಹಣವನ್ನು 1989ರ ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿನ ದುರಂತದಲ್ಲಿ ಮಡಿದ ಲಿವರ್‌ಪೂಲ್ ಅಭಿಮಾನಿಗಳ ಕುಟುಂಬಗಳ ಸಂಘಕ್ಕೆ ನೀಡುವುದಾಗಿ ಹೇಳಿತು. ಬೇಸಿಗೆಯಲ್ಲಿ ಅವರು ತಂಡ ಬಿಡಬಯಸಿದಾಗ, ಆರ್ಸೆನಲ್ ಮುಂದಿಟ್ಟ 4 ಕೋಟಿಯ ಮೇಲೆ 1 ಪೌಂಡ್ ಬೆಲೆಯನ್ನು ನಿರಾಕರಿಸಿ ಅವರನ್ನು ಉಳಿಸಿಕೊಂಡಿತು. ಶಿಕ್ಷೆಯನ್ನೂ ಒಪ್ಪಿ ಆಟಗಾರನನ್ನೂ ಕೈಬಿಡದ ಆ ನಡೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

2011ರ ಡಿಸೆಂಬರ್‌ನಲ್ಲಿ ನಾವು ಮಾಡಿದ್ದು ಹಾಗಿರಲಿಲ್ಲ. ಎವ್ರಾ ಪ್ರಕರಣದಲ್ಲಿ ಎಂಟು ಪಂದ್ಯಗಳ ಅಮಾನತು ಪ್ರಕಟವಾದ ಮರುದಿನವೇ, ವಿಗನ್ ಪಂದ್ಯಕ್ಕೆ ಮುನ್ನ ಲಿವರ್‌ಪೂಲ್ ಆಟಗಾರರು ಸುವಾರೆಜ್ ಚಿತ್ರವಿದ್ದ ಟೀ ಶರ್ಟ್ ತೊಟ್ಟು ಅಂಗಳಕ್ಕಿಳಿದರು. ನಿಂದನೆಗೆ ಒಳಗಾದ ಮನುಷ್ಯ ಅದನ್ನು ನೋಡುತ್ತಾನೆ ಎಂಬ ಯೋಚನೆ ಅಂದು ಅವರಿಗೂ ಬರಲಿಲ್ಲ, ಟಿವಿಯಲ್ಲಿ ನೋಡಿ ಹೆಮ್ಮೆಪಟ್ಟ ನನಗೂ ಬರಲಿಲ್ಲ. 2019ರಲ್ಲಿ ಆ ತಂಡದ ಜೇಮಿ ಕ್ಯಾರಗರ್ ಟಿವಿ ಕಾರ್ಯಕ್ರಮವೊಂದರಲ್ಲಿ ಎವ್ರಾ ಅವರ ಎದುರಿಗೇ ಕುಳಿತು, ನಾವು ಮಾಡಿದ್ದು ತಪ್ಪು ಎಂದು ಕ್ಷಮೆ ಕೇಳಿದರು. ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ದೃಶ್ಯವೇ.