ಪದ ಕೇಳಿ: ನಡ, ಎಡೆ, ಕೇಂದ್ರ, ತಿರುಳು

ಕಳೆದ ಸಂಚಿಕೆಯಲ್ಲಿ ನಡುಬೆರಳಿನ ಬಗ್ಗೆ ಎರಡು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಬಹಳಷ್ಟು ನಡುವಿನ ಸುತ್ತಲೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು, ಈ ಸಲ ಇವಕ್ಕೇ ಉತ್ತರ ಬರೆದಿದ್ದೇನೆ.

ಬಾಗಲಕೋಟೆಯ ಓದುಗರು: ನಾನು ಮೈಸೂರಿನವಳು, ಈಗ ಬಾಗಲಕೋಟೆಯಲ್ಲಿ ನರ್ಸ್. ಇಲ್ಲಿಯ ಅಜ್ಜಿಯರು "ನಡಾ ಭಾಳ ನೋಯ್ತೈತ್ರಿ" ಅನ್ನುತ್ತಾರೆ. ನಡು ಅಂದರೆ ಮಧ್ಯ ಅಲ್ವಾ ಸರ್? ಸೊಂಟಕ್ಕೆ ಆ ಹೆಸರು ಹೇಗೆ ಬಂತು?

ಅವರ ನಡ, ನಿಮ್ಮ ನಡು ಎರಡೂ ಒಂದೇ ಪದ ತಾಯಿ. ನಾನು ಹುಟ್ಟಿದ್ದು ಗದಗ ಕಡೆಯ ಹಳ್ಳಿಯಲ್ಲಿ, ಕನ್ನಡ ಪಾಠ ಹೇಳಿದ್ದು ಮೈಸೂರಿನಲ್ಲಿ. ಕಳೆ ತೆಗೆದು ಬಂದ ಅವ್ವ "ನಡಾ ಹಿಡದೈತಿ" ಅಂತ ಗೋಡೆಗೆ ಒರಗಿ ಕೂರುತ್ತಿದ್ದಳು. ಟೊಂಕ ಅನ್ನುವ ಮಾತೂ ನಮ್ಮಲ್ಲಿ ಉಂಟು. ಮೈಸೂರಿನ ಮಕ್ಕಳಿಗೆ ಸೊಂಟ ಒಂದೇ ಗೊತ್ತು. ಆದರೆ "ಬೆಲೆ ಏರಿಕೆ ರೈತರ ನಡು ಮುರಿಯಿತು" ಎಂಬ ಪೇಪರಿನ ಸಾಲು ಅವರಿಗೂ ಅರ್ಥವಾಗುತ್ತಿತ್ತು. ಅಲ್ಲಿ ಮುರಿದದ್ದು ಸೊಂಟವೇ.

ಮೈಯ ನಡುಭಾಗ ಸೊಂಟ, ಆದ್ದರಿಂದ ಅದಕ್ಕೆ ನಡು ಎಂಬ ಹೆಸರು. ಇದು ಕನ್ನಡದಲ್ಲಿ ಮಾತ್ರ ಆದದ್ದಲ್ಲ. ತೆಲುಗಿನಲ್ಲಿ ನಡುಮ ಅಂದರೆ ಮಧ್ಯ, ನಡುಮು ಅಂದರೆ ಸೊಂಟ. ಸಂಸ್ಕೃತದ ಮಧ್ಯಕ್ಕೂ ಸೊಂಟ ಎಂಬ ಅರ್ಥವಿದೆ. ಹಳೆಯ ಕಾವ್ಯಗಳಲ್ಲಿ ಸುಮಧ್ಯಮೆ, ತನುಮಧ್ಯೆ ಎಂದು ಕರೆಯುವುದು ತೆಳುಸೊಂಟದ ಹೆಣ್ಣನ್ನು. ನಮ್ಮ ಕವಿಗಳು ಅದನ್ನೇ ಬಡನಡು ಎಂದರು. ಬೇರೆ ಬೇರೆ ಕುಲದ ಭಾಷೆಗಳು ಮಧ್ಯ ಯಾವುದೆಂದು ತೋರಿಸಲು ಮನುಷ್ಯನ ಮೈಯನ್ನೇ ಮುಟ್ಟಿದವು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ದಯವಿಟ್ಟು ಆ ಅಜ್ಜಿಯರ ಮಾತನ್ನು ತಿದ್ದಬೇಡಿ. ಅದು ಹಳೆಯ, ಶುದ್ಧ ಕನ್ನಡ.

ಮಂಡ್ಯದ ಓದುಗರು: ಅಂಗಡಿಯ ಬೋರ್ಡಿನಲ್ಲಿ "ಮಧ್ಯ ಮಾರಾಟ" ಎಂದು ಬರೆದಿದ್ದಾರೆ. ಸರಿಯೇ?

ತಪ್ಪು. ಅದು ಮದ್ಯ, ದಕಾರಕ್ಕೆ ಹೊಟ್ಟೆ ಸೀಳಬಾರದು. ಮದ, ಉನ್ಮಾದ, ಪ್ರಮಾದ ಬಂದ ಧಾತುವಿನಿಂದಲೇ ಮದ್ಯವೂ ಬಂದಿದೆ. ಮಧ್ಯ, ಮಧ್ಯಮ, ಮಾಧ್ಯಮ, ಮಧ್ಯಸ್ಥ ಇವೆಲ್ಲ ಬೇರೆ ಮನೆಯವು, ಅಲ್ಲಿ ಧ ಬೇಕೇ ಬೇಕು.

ಮಾನ್ವಿಯ ರೈತರು: ನಮ್ಮ ಸೀಮೆಗೆ "ರಾಯಚೂರು ದೋಆಬ್" ಎಂದು ಶಾಲೆಯಲ್ಲಿ ಓದಿದೆವು. ಇದಕ್ಕೆ ಕನ್ನಡದ ಹೆಸರೇ ಇಲ್ಲವೇ?

ಇದೆ. ಒಳ್ಳೆಯ ಹೆಸರಿದೆ. ನಿಮ್ಮದು ಎಡೆದೊರೆ ನಾಡು. ಶಾಸನಗಳಲ್ಲಿ ಎಡೆದೊರೆ ಎರಡು ಸಾಸಿರ ಎಂದೇ ಬರುತ್ತದೆ. ಎಡೆ ಎಂದರೆ ನಡುವಿನ ಜಾಗ, ತೊರೆ ಎಂದರೆ ಹೊಳೆ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗುತ್ತದಲ್ಲ, ಹಾಗೆ ಇಲ್ಲಿಯೂ ತ ಹೋಗಿ ದ ಬಂದಿದೆ. ಕೃಷ್ಣೆ, ತುಂಗಭದ್ರೆ ಎರಡರ ನಡುವೆ ಇರುವ ನಾಡಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದಿಲ್ಲ.

11ನೇ ಶತಮಾನದಲ್ಲಿ ರಾಜೇಂದ್ರ ಚೋಳ ಈ ಸೀಮೆಯ ಮೇಲೆ ದಂಡೆತ್ತಿ ಬಂದ. ಅವನ ತಮಿಳು ಶಾಸನಗಳಲ್ಲಿ ನಿಮ್ಮ ನಾಡು "ಇಡೈತುರೈ ನಾಡು" ಆಗಿದೆ. ನಮ್ಮ ಎಡೆ ಅಲ್ಲಿ ಇಡೈ. ತಮಿಳಿನ ಇಡೈಗೂ ನಡುವೆ ಎಂಬ ಅರ್ಥವಿದೆ, ಸೊಂಟ ಎಂಬ ಅರ್ಥವೂ ಇದೆ. ಮೇಲೆ ನರ್ಸಮ್ಮನಿಗೆ ಹೇಳಿದ್ದು ಇಲ್ಲಿಯೂ ನಿಜವಾಯಿತು. ಕುಂಭಕೋಣದ ಹತ್ತಿರ ತಿರುವಿಡೈಮರುದೂರು ಎಂಬ ಕ್ಷೇತ್ರವಿದೆ. ಅದಕ್ಕೆ ಸಂಸ್ಕೃತದಲ್ಲಿ ಮಧ್ಯಾರ್ಜುನ ಎನ್ನುತ್ತಾರೆ. ಇಡೈ ಮಧ್ಯವಾಯಿತು. ಮರುದು ಅರ್ಜುನವಾಯಿತು, ಅಂದರೆ ನಮ್ಮ ಹೊಳೆಮತ್ತಿ ಮರ.

ದೋಆಬ್ ಪಾರಸಿ ಮಾತು. ದೋ ಅಂದರೆ ಎರಡು, ಆಬ್ ಅಂದರೆ ನೀರು. ಇತ್ತ ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನಡುವಿನ ನಾಡನ್ನು ಗ್ರೀಕರು ಮೆಸೊಪೊಟೇಮಿಯ ಎಂದರು. ಮೆಸೋಸ್ ಅಂದರೆ ನಡು, ಪೊಟಮೋಸ್ ಅಂದರೆ ನದಿ. ಆ ಮೆಸೋಸ್, ಸಂಸ್ಕೃತದ ಮಧ್ಯ, ಇಂಗ್ಲಿಷಿನ ಮಿಡ್ಲ್ ಮೂರೂ ಒಂದೇ ಬೇರಿನವು. ಒಬ್ಬರಿಂದ ಒಬ್ಬರು ಸಾಲ ತಂದದ್ದಲ್ಲ, ಹುಟ್ಟಿನಿಂದ ದಾಯಾದಿಗಳು.

ನೀವು ರೈತರು, ಎಡೆಯ ಅರ್ಥ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಾಲುಗಳ ನಡುವೆ ಎಡೆ ಹೊಡೆಯುತ್ತೀರಿ, ಅದಕ್ಕೆ ಎಡೆಕುಂಟೆ ಹೂಡುತ್ತೀರಿ. ಎಡೆಬಿಡದೆ ಸುರಿಯುವ ಮಳೆ ಅಂದರೆ ನಡುವೆ ಬಿಡುವೇ ಕೊಡದ ಮಳೆ. ಪಾಠಪುಸ್ತಕ ಬರೆಯುವವರು ಎಡೆದೊರೆಯನ್ನು ಮೊದಲು ಬರೆದು, ದೋಆಬ್ ಅನ್ನು ಅದರ ಪಕ್ಕದಲ್ಲಿ ಬರೆಯಲಿ ಎಂದು ನನ್ನ ಆಸೆ. ಎಡೆಕುಂಟೆ ನೋಡಿ ಬೆಳೆದ ಮಗುವಿಗೆ ಎಡೆದೊರೆಯನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ತುಮಕೂರಿನ ಪಿಯುಸಿ ವಿದ್ಯಾರ್ಥಿ: ಕೇಂದ್ರ ಮತ್ತು ಸೆಂಟರ್ ಕೇಳುವುದಕ್ಕೆ ಒಂದೇ ಥರ ಇವೆ. ಸುಮ್ನೆ ಹಾಗೆ ಕೇಳಿಸುತ್ತದಾ?

ಇಲ್ಲ, ನಿನ್ನ ಕಿವಿ ಸರಿಯಾಗಿಯೇ ಕೇಳಿದೆ. ಎರಡೂ ಗ್ರೀಕ್‌ನ ಕೆಂಟ್ರೊನ್ ಎಂಬ ಪದದಿಂದ ಬಂದಿವೆ. ಕೆಂಟ್ರೊನ್ ಅಂದರೆ ಚುಚ್ಚುವ ಮೊನೆ. ಎತ್ತಿಗೆ ತಿವಿಯುವ ಮುಳ್ಳುಗೋಲಿಗೂ ಅದೇ ಹೆಸರು. ವೃತ್ತ ಬರೆಯುವಾಗ ಕೈವಾರದ ಮುಳ್ಳು ಹಾಳೆಯನ್ನು ಚುಚ್ಚುತ್ತದಲ್ಲ, ಆ ಚುಕ್ಕೆ ಕೆಂಟ್ರೊನ್. ಲ್ಯಾಟಿನ್ ದಾರಿಯಲ್ಲಿ ಹೋದದ್ದು ಇಂಗ್ಲಿಷಿಗೆ ಸೆಂಟರ್ ಆಗಿ ಬಂತು. ನಮ್ಮ ಕಡೆಗೆ ಬಂದದ್ದು ಖಗೋಳ, ಜ್ಯೋತಿಷ್ಯದ ಜೊತೆ. ಆ ವಿದ್ಯೆಯಲ್ಲಿ ಯವನರಿಂದ, ಅಂದರೆ ಗ್ರೀಕರಿಂದ, ಕಲಿತದ್ದು ಜಾಸ್ತಿ ಇದೆ. ಹೋರಾ ಎಂಬ ಮಾತೂ ಗ್ರೀಕಿನದೇ, ಇಂಗ್ಲಿಷಿನ ಅವರ್ ಕೂಡ ಅದರ ಒಡಹುಟ್ಟು.

ಒಂದು ವಿಷಯ ಗಮನಿಸು. ಜಾತಕದಲ್ಲಿ 1, 4, 7, 10ನೇ ಮನೆಗಳಿಗೆ ಕೇಂದ್ರ ಎನ್ನುತ್ತಾರೆ. ಕುಂಡಲಿಯ ಚೌಕದಲ್ಲಿ ಅವು ಯಾವುವೂ ನಟ್ಟನಡುವೆ ಇಲ್ಲ. ಕೇಂದ್ರ ಅಂದ ತಕ್ಷಣ ಮಧ್ಯ ಎಂದು ಹಳೆಯ ಗ್ರಂಥ ಓದುವಾಗ ತಿಳಿದುಕೊಳ್ಳಬಾರದು.

ಕೊಪ್ಪಳದ ಶಿಕ್ಷಕಿ: ನಮ್ಮೂರು ಕನ್ನಡದ ನಡು ಎಂದು ಕವಿರಾಜಮಾರ್ಗದಲ್ಲಿ ಇದೆಯಂತೆ. ನಿಜವೇ?

ಅರ್ಧ ನಿಜ. 9ನೇ ಶತಮಾನದ ಆ ಗ್ರಂಥ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಮೊದಲು ಹೇಳುತ್ತದೆ. ಆಮೇಲೆ ಅದರೊಳಗೆ ನಾಲ್ಕು ಊರು ಹೆಸರಿಸಿ, ಅವುಗಳ "ನಡುವಣ ನಾಡೆ ನಾಡೆ ಕನ್ನಡದ ತಿರುಳ್" ಎನ್ನುತ್ತದೆ. ಕಿಸುವೊಳಲು ಈಗಿನ ಪಟ್ಟದಕಲ್ಲು, ಪುಲಿಗೆರೆ ಈಗಿನ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದ, ಕೊಪಣ ನಿಮ್ಮ ಕೊಪ್ಪಳ. ಅಂದರೆ ಕೊಪ್ಪಳ ನಡುವಿನ ಊರಲ್ಲ, ಮೂಡಣ ಮೂಲೆಯ ಊರು. ನಡುವೆ ಬೀಳುವುದು ಗದಗ, ರೋಣ, ನರಗುಂದ.

ಆ ಸಾಲಿನಲ್ಲಿ ಎರಡು ಪದಗಳಿವೆ, ಮಕ್ಕಳಿಗೆ ಎರಡನ್ನೂ ಬಿಡಿಸಿ ಹೇಳಿ. ನಡುವಣ ಎಂಬುದು ಜಾಗ ತೋರಿಸುತ್ತದೆ, ನಕ್ಷೆ ಹಿಡಿದು ಬೆರಳಿಡಬಹುದು. ತಿರುಳು ಬೆಲೆ ಹೇಳುತ್ತದೆ. ಹಲಸಿನ ಸಿಪ್ಪೆ ಬಿಡಿಸಿದ ಮೇಲೆ ತಿನ್ನಲು ಸಿಗುವುದು ತಿರುಳು, ಮಾತಿನಲ್ಲಿ ನೆನಪಿಡಬೇಕಾದದ್ದೂ ತಿರುಳು. ಇಂಥ ಕಡೆಯ ಕನ್ನಡವೇ ಒಳ್ಳೆಯ ಕನ್ನಡ ಎಂದು ಬರೆಯುವವರಿಗೆ ಗುರುತು ಕೊಡಲು ಆ ಮಾತು ಬಂದಿದೆ. ನಿಮ್ಮೂರು ಆ ಎಲ್ಲೆಯನ್ನು ಕಟ್ಟಿಕೊಟ್ಟ ನಾಲ್ಕರಲ್ಲಿ ಒಂದು. ಅದೂ ದೊಡ್ಡ ಗೌರವ. "ವಿದಿತ ಮಹಾಕೊಪಣನಗರ" ಎಂದೇ ಅಲ್ಲಿ ಕರೆದಿದ್ದಾರೆ, ಎಲ್ಲರಿಗೂ ತಿಳಿದ ದೊಡ್ಡ ಕೊಪಣ ನಗರ ಎಂದು.

ಶಿರಸಿಯ ಓದುಗರು: ನಟ್ಟನಡುವೆ ಎಂಬಲ್ಲಿ ನಟ್ಟ ಎಂದರೆ ಗಿಡ ನೆಡುವುದೇ?

ಅಲ್ಲ. ನಡು ನಡು ಎಂದು ಎರಡು ಸಲ ಹೇಳಿದ್ದು ಒತ್ತು ಬಿದ್ದು ನಟ್ಟನಡು ಆಯಿತು. ಕಟ್ಟಕಡೆ, ತುತ್ತತುದಿ, ಮೊಟ್ಟಮೊದಲು, ಬಟ್ಟಬಯಲು ಎಲ್ಲ ಹೀಗೇ ಆದವು. ಬರೆಯುವಾಗ ವ್ಯತ್ಯಾಸ ಇಟ್ಟುಕೊಳ್ಳಿ. "ನಡುನಡುವೆ ಕೆಮ್ಮಿದ" ಎಂದರೆ ಆಗಾಗ ಕೆಮ್ಮಿದ. "ನಟ್ಟನಡುವೆ ನಿಂತ" ಎಂದರೆ ಒಂದು ಗೇಣೂ ಆಚೀಚೆ ಇಲ್ಲದೆ ನಿಂತ.